ಕ್ರೌನ್ ಹಲ್ಲೆಷ್ಟು? ಟ್ರಕ್ ಕ್ಯಾಂಪರ್‌ಗಾಗಿ ನಾನು ಆಕ್ಸಲ್ ಗೇರ್ ಆರಿಸಿದ್ದು

ಕೊಲರಾಡೋದ ಸಿಲ್ವರ್‌ಥಾರ್ನ್ ಊರಿನಿಂದ ಡೆನ್ವರ್ ಕಡೆ ಬರುವಾಗ ಐ-70 ರಸ್ತೆ ಐಸೆನ್‌ಹೋವರ್ ಸುರಂಗಕ್ಕೆ ಏರುತ್ತದೆ. ಸುರಂಗದ ಪಶ್ಚಿಮದ ಬಾಯಿ ಇರುವುದು 11,158 ಅಡಿ ಎತ್ತರದಲ್ಲಿ. ಕೆಲವು ಕಡೆ ಏರು 7%. ಹೊಸದಾಗಿ ಕ್ಯಾಂಪರ್ ಕೂರಿಸಿಕೊಂಡು ಮೊದಲ ಪ್ರವಾಸ ಮುಗಿಸಿ ಮನೆಗೆ ಬರುತ್ತಿದ್ದೆವು. ಗೇರ್ 3ರಿಂದ 2ಕ್ಕೆ ಇಳಿಯಿತು. ಎಂಜಿನ್ ಕೂಗಿಕೊಂಡಿತು, ವೇಗ ಸ್ವಲ್ಪ ಹೆಚ್ಚಿತು, ಮತ್ತೆ 3ಕ್ಕೆ ಹೋಯಿತು. ಅರ್ಧ ನಿಮಿಷದಲ್ಲಿ ಉಸಿರು ಕಟ್ಟಿದಂತಾಗಿ ಮತ್ತೆ 2. ಏರು ಮುಗಿಯುವವರೆಗೂ ಇದೇ ಕಥೆ. ಹಿಂದಿನ ಸೀಟಿನಿಂದ ಮಗಳು, "ಅಪ್ಪಾ, ಗಾಡಿ ಯಾಕೆ ಹೀಗೆ ಅಳ್ತಿದೆ?" ಅಂದಳು.

ನನ್ನದು 2015ರ ಫೋರ್ಡ್ ಎಫ್-350. 6.2 ಲೀಟರ್ ಪೆಟ್ರೋಲ್ ವಿ8, 6 ಗೇರಿನ ಆಟೋಮ್ಯಾಟಿಕ್, 4x4 (ಬೇಕಾದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ). ಅದರ ಹಿಂದಿನ ತೊಟ್ಟಿಯೊಳಗೆ ಕೂರುವ ಪುಟ್ಟ ಮನೆಯೇ ಟ್ರಕ್ ಕ್ಯಾಂಪರ್. ಹಾಸಿಗೆ, ಒಲೆ, ಫ್ರಿಜ್ಜು, ನೀರಿನ ಟ್ಯಾಂಕ್ ಎಲ್ಲಾ ಅದರಲ್ಲೇ. ಟ್ರೇಲರ್ ಆದರೆ ಹೆಚ್ಚಿನ ಭಾರ ತನ್ನ ಚಕ್ರದ ಮೇಲೇ ಇರುತ್ತದೆ. ಕ್ಯಾಂಪರ್ ಹಾಗಲ್ಲ, ಪೂರಾ ಗಾಡಿಯ ಬೆನ್ನ ಮೇಲೆ.

ಮನೆಗೆ ಬಂದು ಸಕಲೇಶಪುರದ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದವರು. ನಾನು ಎಂಜಿನ್ ಬಗ್ಗೆ, ಹಾರ್ಸ್‌ಪವರ್ ಬಗ್ಗೆ ಹೇಳುತ್ತಲೇ ಇದ್ದೆ. ಅವರು ಕೇಳಿದ್ದು ಒಂದೇ: "ಅದೆಲ್ಲ ಇರ್ಲಿ ಮಾರಾಯ, ಕ್ರೌನ್ ಹಲ್ಲೆಷ್ಟು?"

ಚಕ್ರಗಳನ್ನು ತಿರುಗಿಸುವ ಆಕ್ಸಲ್‌ನ ನಡುವೆ ಇರುವ ದೊಡ್ಡ ಹಲ್ಲುಗಾಲಿಯೇ ಕ್ರೌನ್, ಅದನ್ನು ತಿರುಗಿಸುವ ಪುಟ್ಟದು ಪಿನಿಯನ್. ಈ ಜೋಡಿಯೇ ಆಕ್ಸಲ್ ಗೇರ್. ನಮ್ಮ ಕಡೆ ಲಾರಿಯವರು 41ಕ್ಕೆ 7 ಅಂತ ಹಲ್ಲಿನಲ್ಲೇ ಮಾತಾಡುತ್ತಾರೆ. ಅಮೆರಿಕದಲ್ಲಿ ಅದನ್ನೇ ಭಾಗಿಸಿ ಒಂದು ಅಂಕಿಯಾಗಿ ಹೇಳುತ್ತಾರೆ. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 11 ಇದ್ದರೆ 3.73. ಅಂದರೆ ಚಕ್ರ ಒಂದು ಸುತ್ತು ತಿರುಗಲು ಗೇರ್ ಪೆಟ್ಟಿಗೆಯಿಂದ ಆಕ್ಸಲ್‌ಗೆ ಬರುವ ಉದ್ದನೆಯ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್, 3.73 ಸುತ್ತು ತಿರುಗಬೇಕು. 43ಕ್ಕೆ 10 ಇದ್ದರೆ 4.30. ಅಂಕಿ ಹೆಚ್ಚಾದಷ್ಟೂ ಎಳೆತ ಜಾಸ್ತಿ, ಎಂಜಿನ್ ಸುತ್ತುವುದೂ ಜಾಸ್ತಿ.

ನನ್ನದು 3.73. ಅದೇನೂ ಕೆಟ್ಟ ಅಂಕಿಯಲ್ಲ. ಆದರೆ ನಾನು ಎರಡು ವರ್ಷದ ಹಿಂದೆ ಚೆಂದಕ್ಕೆ ಅಂತ 33 ಇಂಚಿನ ಟೈರ್ ತೆಗೆಸಿ 35 ಇಂಚಿನದು ಹಾಕಿಸಿದ್ದೆ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ, ಎಳೆತ ಅಷ್ಟೇ ಕಡಿಮೆಯಾಗುತ್ತದೆ. ಲೆಕ್ಕ ಹಾಕಿದರೆ ನನ್ನ 3.73 ನಿಜದಲ್ಲಿ 3.52ರಂತೆ ಕೆಲಸ ಮಾಡುತ್ತಿತ್ತು. ತಪ್ಪು ಗಾಡಿಯದಲ್ಲ, ನನ್ನ ಟೈರಿನದು.

ಗೇರಿನ ಲೆಕ್ಕಕ್ಕೆ ಕೂರುವ ಮುಂಚೆ ತೂಕ ನೋಡಿದೆ. ಈ ಮಾತನ್ನು ಒತ್ತಿ ಹೇಳಬೇಕು: ಆಕ್ಸಲ್ ಗೇರ್ ಬದಲಿಸಿದರೆ ಗಾಡಿ ಹೊರುವ ಭಾರ ಒಂದು ಪೌಂಡೂ ಹೆಚ್ಚುವುದಿಲ್ಲ. ಹೊರುವ ಮಿತಿ ಡ್ರೈವರ್ ಬಾಗಿಲ ಬಳಿಯ ಹಳದಿ ಸ್ಟಿಕರ್‌ನಲ್ಲಿ ಇರುತ್ತದೆ. ನನ್ನದರಲ್ಲಿ 3,790 ಪೌಂಡ್. ಕ್ಯಾಂಪರ್ ಮಾರುವಾಗ ಹೇಳುವ ತೂಕ ಖಾಲಿ ತೂಕ. ಅದನ್ನು ನಂಬಿ ಕೂರಬಾರದು. ನೀರು ಒಂದು ಗ್ಯಾಲನ್‌ಗೆ 8.34 ಪೌಂಡ್, 30 ಗ್ಯಾಲನ್ ತುಂಬಿದರೆ ಅದೇ 250. ಗ್ಯಾಸ್, ಬ್ಯಾಟರಿ, ಪಾತ್ರೆ, ಅಕ್ಕಿ, ಮೂರು ಜನ. ಎಲ್ಲಾ ಏರಿಸಿಕೊಂಡು ಲಾರಿಗಳು ತೂಗುವ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿದೆ. ಚೀಟಿಯಲ್ಲಿ ಗಾಡಿಯ ತೂಕವೂ ಸೇರಿ ಒಟ್ಟು 10,680 ಪೌಂಡ್ ಬಂತು. ಗಾಡಿಯ ಒಟ್ಟು ತೂಕದ ಮಿತಿಯೊಳಗೇ ಇತ್ತು, ಹೆಚ್ಚು ಉಳಿದಿರಲಿಲ್ಲ.

ಆಮೇಲೆ ಗೇರು. ಎಲ್ಲರೂ ಸಪಾಟು ರಸ್ತೆಯಲ್ಲಿ ಕೊನೆಯ ಗೇರಿನ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ನೋಡುತ್ತಾರೆ. ನಾನು ನನ್ನ ಏರನ್ನೇ ಇಟ್ಟುಕೊಂಡು ಲೆಕ್ಕ ಮಾಡಿದೆ. ಮೈಲಿ ವೇಗ, ಆಕ್ಸಲ್ ಅಂಕಿ, ಗೇರಿನ ಅಂಕಿ ಮೂರನ್ನೂ ಗುಣಿಸಿ, 336ರಿಂದ (ಮೈಲಿ, ಇಂಚು, ನಿಮಿಷಗಳನ್ನು ಹೊಂದಿಸುವ ಅಂಕಿ) ಗುಣಿಸಿ, ಟೈರಿನ ಇಂಚಿನಿಂದ ಭಾಗಿಸಿದರೆ ಆರ್‌ಪಿಎಂ. 6 ಗೇರಿನ ಈ ಪೆಟ್ಟಿಗೆಯಲ್ಲಿ 2ನೇ ಗೇರ್ 2.318, 3ನೇದು 1.516. ಎರಡರ ನಡುವೆ ದೊಡ್ಡ ಕಂದಕವೇ ಇದೆ. ನನ್ನ 35 ಇಂಚಿನ ಟೈರಿನಲ್ಲಿ 50 ಮೈಲಿ ವೇಗಕ್ಕೆ 3ನೇ ಗೇರಿನಲ್ಲಿ 2,700, 2ನೇದರಲ್ಲಿ 4,150. ಈ ಎಂಜಿನ್ನಿನ ಪೂರ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುವುದು 4,500ರ ಹತ್ತಿರ. ಜೊತೆಗೆ ಟರ್ಬೋ (ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಎತ್ತರಕ್ಕೆ ಹೋದಂತೆ ಸಾವಿರ ಅಡಿಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ. ಸುರಂಗದ ಬಾಯಿಗೆ ಬರುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಹೋಗಿರುತ್ತದೆ. 2,700ರಲ್ಲಿ ಅದು ಹೇಗೆ ಎಳೆದೀತು ಪಾಪ?

ಮೊದಲು ಟೈರನ್ನು ಹಳೇ ಅಳತೆಗೆ, 275/70ಆರ್18ಕ್ಕೆ ತಂದೆ. ಒಂದೊಂದು 3,640 ಪೌಂಡ್ ಹೊರುವಂಥದ್ದು. ಅಷ್ಟಕ್ಕೇ 6% ಎಳೆತ ವಾಪಸ್ ಬಂತು. ಆದರೂ 50ರ ವೇಗದಲ್ಲಿ 3ನೇ ಗೇರಿಗೆ 2,900 ಅಷ್ಟೇ. 4.30 ಹಾಕಿದರೆ 3,300. 35 ಇಂಚಿನ ಟೈರ್, 3.73 ಇದ್ದ ಸ್ಥಿತಿಗೆ ಹೋಲಿಸಿದರೆ ಒಟ್ಟು 22% ಜಾಸ್ತಿ. ಈ ಎಂಜಿನ್‌ಗೆ ಕಾರ್ಖಾನೆಯಿಂದಲೇ 4.30 ಸಿಗುತ್ತಿತ್ತು, ಹಾಗಾಗಿ ಧೈರ್ಯವಾಗಿ ಅದನ್ನೇ ಆರಿಸಿದೆ. 4x4 ಆದ್ದರಿಂದ ಮುಂದೆ, ಹಿಂದೆ ಎರಡೂ ಆಕ್ಸಲ್ ಬದಲಿಸಲೇಬೇಕು. ಅಂಕಿ ಬೇರೆ ಬೇರೆ ಇದ್ದು 4x4 ಹಾಕಿದರೆ ಮುಂದಿನ ಚಕ್ರ ಹಿಂದಿನದರ ಜೊತೆ ಜಗ್ಗಾಡುತ್ತದೆ. ಖರ್ಚು ಡಬಲ್.

ಕೆಲಸ ನಡೆಯುವಾಗ ಗ್ಯಾರೇಜಿನಲ್ಲೇ ನಿಂತಿದ್ದೆ. ಮೆಕ್ಯಾನಿಕ್ ಕ್ರೌನ್ ಹಲ್ಲಿಗೆ ಹಳದಿ ಪೇಸ್ಟ್ ಬಳಿದು ಕೈಯಲ್ಲಿ ತಿರುಗಿಸಿದರು. ಪಿನಿಯನ್ ತಾಗಿದ ಕಡೆ ಹಳದಿ ಒರೆಸಿಹೋಗಿ ಲೋಹ ಕಂಡಿತು. ಆ ಗುರುತು ಹಲ್ಲಿನ ಬುಡಕ್ಕೆ ಸರಿದಿತ್ತು. ಎಲ್ಲಾ ಬಿಚ್ಚಿ, ಶಿಮ್ ಎಂಬ ಕಾಗದದಷ್ಟು ತೆಳ್ಳಗಿನ ಲೋಹದ ಬಿಲ್ಲೆ ಬದಲಿಸಿ ಮತ್ತೆ ಕೂರಿಸಿದರು. ಮೂರನೇ ಸಲಕ್ಕೆ ಗುರುತು ಹಲ್ಲಿನ ನಡುವಿಗೆ ಬಂತು, ಕೊಬ್ಬರಿ ಹೋಳಿನ ಆಕಾರ. ಹಲ್ಲಿನ ನಡುವಿನ ಸಡಿಲ ಇಂಚಿನ ಸಾವಿರದಲ್ಲಿ 8 ಭಾಗ. ಇಷ್ಟು ತಾಳ್ಮೆ ಇಲ್ಲದವರ ಕೈಗೆ ಈ ಕೆಲಸ ಕೊಡಬೇಡಿ. ಆಮೇಲೆ ಜೀವನಪೂರ್ತಿ ಆಕ್ಸಲ್ ಗುಂಯ್‌ಗುಡುತ್ತದೆ.

ಫೋರ್‌ಸ್ಕ್ಯಾನ್ ಎಂಬ ಸಾಫ್ಟ್‌ವೇರ್ ಬಳಸಿ ಗಾಡಿಯ ಕಂಪ್ಯೂಟರ್‌ಗೆ ಹೊಸ ಅಂಕಿ, ಟೈರ್ ಅಳತೆ ತಿಳಿಸಿದೆವು. ಇಲ್ಲದಿದ್ದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ಮೊದಲ 500 ಮೈಲಿ ಕ್ಯಾಂಪರ್ ಏರಿಸಲಿಲ್ಲ. ಆಮೇಲೆ ಆಕ್ಸಲ್ ಎಣ್ಣೆ ಬದಲಿಸಿದಾಗ ಹಳೇ ಎಣ್ಣೆಯಲ್ಲಿ ಬೆಳ್ಳಿ ಪುಡಿಯಂಥ ಹೊಳಪಿತ್ತು. ಹೊಸ ಹಲ್ಲು ಪಳಗುವಾಗ ಅಷ್ಟು ಸಹಜ.

ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ನಿಜ. 65 ಮೈಲಿ ವೇಗದಲ್ಲಿ 6ನೇ ಗೇರಿಗೆ ಮುಂಚೆ 1,570 ಇದ್ದದ್ದು ಈಗ 1,920. ಕ್ಯಾನ್ಸಸ್‌ನಂಥ ಬಯಲಲ್ಲೇ ಓಡಾಡುವವರು 3.73 ಬಿಟ್ಟು ಹೋಗಬೇಕಾಗಿಲ್ಲ. ಹೊಸ 10 ಗೇರಿನ ಗಾಡಿ ಇರುವವರೂ ಅಷ್ಟೇ. ಅದರಲ್ಲಿ ಗೇರುಗಳು ಹತ್ತಿರ ಹತ್ತಿರ ಇರುವುದರಿಂದ ನನ್ನ ಕಂದಕದ ಸಮಸ್ಯೆಯೇ ಬರುವುದಿಲ್ಲ.

ಕಳೆದ ತಿಂಗಳು ಅದೇ ರಸ್ತೆಗೆ ಹೋದೆವು. ಹೋಗುವಾಗ ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆ ಇಳಿಯುವಾಗ ಭಾರ ಎಳೆಯುವಾಗ, ಹೊರುವಾಗ ಬಳಸುವ ಟೋ-ಹಾಲ್ ಮೋಡ್ ಒತ್ತಿ 3ನೇ ಗೇರಿನಲ್ಲಿ ಬಿಟ್ಟೆ. 45 ಮೈಲಿ ವೇಗ, 3,000 ಆರ್‌ಪಿಎಂ. ಬ್ರೇಕ್ ಕೆಟ್ಟ ಲಾರಿಗಳಿಗೆ ಮಾಡಿರುವ ಜಲ್ಲಿಯ ರ‍್ಯಾಂಪ್ ಪಕ್ಕದಲ್ಲಿ ಹಾದುಹೋಯಿತು. ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿತ್ತು. ಇಳಿಜಾರಿನ ಈ ಲಾಭವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ವಾಪಸ್ ಬರುವ ಏರಿನಲ್ಲಿ 3ನೇ ಗೇರ್, 50 ಮೈಲಿ, 3,300. ಸುರಂಗದ ಬಾಯಿಯವರೆಗೂ ಗೇರ್ ಬದಲಾಗಲಿಲ್ಲ. ಮಗಳು ನಿದ್ದೆ ಮಾಡಿದ್ದಳು.