ಮೊದಲು ಪಿಸ್ಟನ್, ಆಮೇಲೆ ಬೋರ್: ಎಂಜಿನ್‌ಗೆ ಒಳ್ಳೆ ಪಾರ್ಟ್ಸ್ ಹುಡುಕಿದ ನನ್ನ ಅನುಭವ

ಮೊನ್ನೆ ನನ್ನ ಕಾರಿನ ಎಂಜಿನ್‌ನ ಕಂಪ್ರೆಷನ್ (ಪ್ರತಿ ಸಿಲಿಂಡರ್ ಒಳಗೆ ಬರುವ ಒತ್ತಡ) ನೋಡಿದೆ. ನಾಲ್ಕೂ ಸಿಲಿಂಡರ್ 12.5 ಬಾರ್ ಆಸುಪಾಸಿನಲ್ಲಿವೆ. ಒಂದಕ್ಕೂ ಇನ್ನೊಂದಕ್ಕೂ ಅರ್ಧ ಬಾರ್ ಕೂಡ ವ್ಯತ್ಯಾಸ ಇಲ್ಲ. ಎಂಜಿನ್ ಕಟ್ಟಿ ಸುಮಾರು 40,000 ಕಿ.ಮೀ. ಓಡಿಸಿದ್ದೇನೆ. ಒಮ್ಮೆ ಆಯಿಲ್ ಬದಲಿಸಿದರೆ ಮುಂದಿನ ಸಲ ಬದಲಿಸುವ ತನಕ ಮೇಲೆ ಹಾಕುವ ಪ್ರಶ್ನೆಯೇ ಬಂದಿಲ್ಲ. ಇದೇ ಎಂಜಿನ್ ಇದಕ್ಕೆ ಮುಂಚೆ ನನ್ನ ಕೈಯಲ್ಲೇ ಎರಡು ಸಲ ಕೆಟ್ಟಿತ್ತು. ಮೂರು ಸಲವೂ ಕಟ್ಟಿದ ಕೈ ಅದೇ, ಟಾರ್ಕ್ ರೆಂಚ್ ಅದೇ. ಬದಲಾಗಿದ್ದು ಪಾರ್ಟ್ಸ್ ತಂದ ರೀತಿ ಮಾತ್ರ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, 75 ಮಿ.ಮೀ. ಬೋರ್, ಅಂದರೆ ಸಿಲಿಂಡರ್‌ನ ಒಳ ಅಗಲ. ವಿಶೇಷ ಏನೂ ಇಲ್ಲ. ಮೊದಲ ಸಲ ಎಲ್ಲರೂ ಮಾಡುವ ಹಾಗೆ ಪೂರ್ತಿ ಕಿಟ್ ತಂದೆ. ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್, ಆಯಿಲ್ ಪಂಪ್ ಎಲ್ಲ ಒಂದೇ ಡಬ್ಬಿಯಲ್ಲಿ. ಕಟ್ಟಿದೆ, ಓಡಿತು, ಖುಷಿ ಪಟ್ಟೆ. 9,000 ಕಿ.ಮೀ. ಹೊತ್ತಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಸಾವಿರ ಕಿ.ಮೀ.ಗೆ ಮುಕ್ಕಾಲು ಲೀಟರ್ ಆಯಿಲ್ ಕುಡಿಯುತ್ತಿತ್ತು. ಬಿಚ್ಚಿ ಅಳೆದಾಗ ಗೊತ್ತಾಯಿತು, ಪಿಸ್ಟನ್ ಅನ್ನು ರಾಡ್‌ಗೆ ಜೋಡಿಸುವ ಪಿನ್ ಮಧ್ಯದಿಂದ ಪಿಸ್ಟನ್ ತಲೆಯವರೆಗಿನ ಎತ್ತರ ಹಳೆಯದಕ್ಕಿಂತ 0.6 ಮಿ.ಮೀ. ಕಡಿಮೆ. ಅಲ್ಲೇ ಕಂಪ್ರೆಷನ್ ಒಂದಷ್ಟು ಹೋಗಿತ್ತು. ನಾಲ್ಕು ಪಿಸ್ಟನ್ ತೂಕದಲ್ಲಿ 9 ಗ್ರಾಂ ವ್ಯತ್ಯಾಸ. ಒಂದು ರಿಂಗ್ ಅನ್ನು ಬೋರ್‌ನಲ್ಲಿ ಕೂರಿಸಿ ಕೆಳಗಿನಿಂದ ಟಾರ್ಚ್ ಬಿಟ್ಟೆ. ಸುತ್ತ ಕತ್ತಲೆ ಇರಬೇಕಾದ ಕಡೆ ಎರಡು ಜಾಗದಲ್ಲಿ ಚಂದ್ರನ ಚೂರಿನ ಹಾಗೆ ಬೆಳಕು. ರಿಂಗ್ ದುಂಡಗೇ ಇರಲಿಲ್ಲ. ಅದನ್ನು ಕೂರಿಸುವ ಮುಂಚೆ ನೋಡಿದ್ದರೆ ಎಷ್ಟು ದುಡ್ಡು ಉಳಿಯುತ್ತಿತ್ತು!

ಎರಡನೇ ಸಲ ಪಾಠ ಕಲಿತೆ ಅಂದುಕೊಂಡು ಬೇರಿಂಗ್‌ಗಳನ್ನು ಕಾರ್ ಕಂಪನಿ ಡಬ್ಬಿಯಲ್ಲೇ ತಂದೆ. ಹೊಳೆಯುವ ಸ್ಟಿಕ್ಕರ್, ನಂಬರ್, ಎಲ್ಲ ಸರಿಯಾಗಿತ್ತು. ಬೆಲೆಯೂ ಹೆಚ್ಚುಕಡಿಮೆ ಒರಿಜಿನಲ್‌ನಷ್ಟೇ ಇತ್ತು, ಹಾಗಾಗಿ ಅನುಮಾನ ಬರಲಿಲ್ಲ. 4,000 ಕಿ.ಮೀ. ಆಗುವಷ್ಟರಲ್ಲಿ ಬಿಸಿ ಎಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ಲೈಟ್ ಮಿಣುಕತೊಡಗಿತು. ಕೆಳಗಿನ ಆಯಿಲ್ ತಟ್ಟೆ (ಸಂಪ್) ಬಿಚ್ಚಿ, ಸಂದು ಅಳೆಯುವ ಪ್ಲಾಸ್ಟಿಕ್ ಎಳೆ ಪ್ಲಾಸ್ಟಿಗೇಜ್ ಇಟ್ಟರೆ, ರಾಡ್ ಕ್ರ್ಯಾಂಕ್‌ಗೆ ಸೇರುವ ಬಿಗ್ ಎಂಡ್‌ನಲ್ಲಿ ಸಂದು 0.08 ಮಿ.ಮೀ. ಅಲ್ಲಿ 0.02ರಿಂದ 0.05ರ ಒಳಗೆ ಇರಬೇಕಿತ್ತು. ಡೂಪ್ಲಿಕೇಟ್ ಮಾಲು ಒರಿಜಿನಲ್ ಬೆಲೆಗೇ ಸಿಗುತ್ತದೆ ಅನ್ನೋದು ಆಗ ತಿಳಿಯಿತು.

ಮೂರನೇ ಸಲ ಕೂತು ಯೋಚಿಸಿದೆ. ನಾವೆಲ್ಲ ಮಾಡುವುದು ಏನು? ಬ್ಲಾಕ್ ಲೇತ್‌ಗೆ ಕೊಡುತ್ತೇವೆ. ಅವರು ಸವೆತ ನೋಡಿ 0.25 ಮಿ.ಮೀ. ದೊಡ್ಡದು ಮಾಡಿದರೆ ಸಾಕು ಅಂತ ಬೋರ್ ಹೊಡೆಯುತ್ತಾರೆ. ಆಮೇಲೆ ಆ ಸೈಜ್ ಹುಡುಕಿಕೊಂಡು ಅಲೆಯುತ್ತೇವೆ. ಒಳ್ಳೆಯದು ಸಿಗದಿದ್ದರೆ ಸಿಕ್ಕಿದ್ದನ್ನು ಹಾಕುತ್ತೇವೆ, ಯಾಕಂದರೆ ಬೋರ್ ಆಗಲೇ ಆಗಿಹೋಗಿದೆ. ನಾನು ಇದನ್ನು ತಿರುಗಿಸಿದೆ. ಮೊದಲು ಯಾವ ಸೈಜ್‌ನಲ್ಲಿ ಒಳ್ಳೆ ಪಿಸ್ಟನ್ ಸಿಗುತ್ತದೆ ನೋಡೋಣ. ಕೈಗೆ ಬಂದ ಮೇಲೆ ಅದಕ್ಕೆ ತಕ್ಕಂತೆ ಬೋರ್. ಕ್ರ್ಯಾಂಕ್‌ಗೂ ಅದೇ ಲೆಕ್ಕ, ಮೊದಲು ಬೇರಿಂಗ್, ಆಮೇಲೆ ಗ್ರೈಂಡಿಂಗ್.

ಲೇತ್ ಮೇಸ್ತ್ರಿ ಒಪ್ಪಲಿಲ್ಲ. "ಏನಪ್ಪಾ, ಎಂಜಿನ್ ಬಿಚ್ಚಿ ಹರಡಿಕೊಂಡು ತಿಂಗಳುಗಟ್ಟಲೆ ಪಾರ್ಟ್ಸ್ ಹುಡುಕ್ತೀಯಾ? ತುಕ್ಕು ಹಿಡಿಯುತ್ತೆ ಅಷ್ಟೇ" ಅಂದರು. ಜೊತೆಯ ಮೆಕ್ಯಾನಿಕ್‌ಗಳೂ ಅದೇ ರಾಗ. ಒಂದೊಂದು ಕಂಪನಿಯದು ಒಂದೊಂದು ಪಾರ್ಟ್ ಸೇರಿಸಿ ಕಟ್ಟಿದ ಎಂಜಿನ್ ನಿಲ್ಲಲ್ಲ ಅಂತ. ನಾಲ್ಕು ತಿಂಗಳು ಹಿಡಿದದ್ದು ನಿಜ. ಬ್ಲಾಕ್‌ಗೆ ದಪ್ಪಗೆ ಎಣ್ಣೆ ಹಚ್ಚಿ ಪ್ಲಾಸ್ಟಿಕ್ ಸುತ್ತಿಟ್ಟೆ. ಒಂದು ಚುಕ್ಕೆ ತುಕ್ಕು ಬರಲಿಲ್ಲ.

ಹುಡುಕಾಟ ಶುರುವಾಗಿದ್ದು ಹಳೆ ಪಾರ್ಟ್ಸ್‌ನಿಂದಲೇ. ಫ್ಯಾಕ್ಟರಿಯಿಂದ ಬಂದ ಮೊದಲ ಪಿಸ್ಟನ್, ಬೇರಿಂಗ್, ರಿಂಗ್‌ಗಳನ್ನು ಎಸೆದಿರಲಿಲ್ಲ. ಅದು ನಾನು ಮಾಡಿದ ಒಳ್ಳೆ ಕೆಲಸ. ಬೇರಿಂಗ್ ಬೆನ್ನು, ಪಿಸ್ಟನ್ ಒಳಭಾಗ, ಪಂಪ್ ಬಾಡಿ ಎಲ್ಲವನ್ನೂ ಉಜ್ಜಿ, ಓರೆಯಾಗಿ ಬೆಳಕು ಬಿಟ್ಟು ಫೋಟೋ ತೆಗೆದೆ. ಅಲ್ಲಿ ಕಾರ್ ಕಂಪನಿ ಹೆಸರಿನ ಜೊತೆ ಅದನ್ನು ನಿಜಕ್ಕೂ ತಯಾರಿಸಿದವರ ಗುರುತು ಇರುತ್ತದೆ. ಬೇರಿಂಗ್, ರಿಂಗ್, ಗ್ಯಾಸ್ಕೆಟ್‌ನಂಥವನ್ನು ಕಾರ್ ಕಂಪನಿಗಳು ಸಾಮಾನ್ಯವಾಗಿ ಹೊರಗಿನಿಂದ ತರಿಸಿಕೊಳ್ಳುತ್ತವೆ ಅನ್ನೋದು ನಿಮಗೆ ಗೊತ್ತೇ ಇದೆ. ಪಿಸ್ಟನ್‌ಗೆ ಮಾಹ್ಲೆ, ಕೋಲ್ಬೆನ್‌ಶ್ಮಿಟ್. ಬೇರಿಂಗ್‌ಗೆ ಗ್ಲೈಕೋ, ಡೈಡೋ, ತೈಹೋ. ರಿಂಗ್‌ಗೆ ಎನ್‌ಪಿಆರ್, ರಿಕೆನ್. ಗ್ಯಾಸ್ಕೆಟ್‌ಗೆ ಎಲ್ರಿಂಗ್, ವಿಕ್ಟರ್ ರೈಂಜ್. ನಿಮ್ಮ ಎಂಜಿನ್‌ಗೆ ಯಾರು ಕೊಟ್ಟಿದ್ದರೋ ಅವರ ಡಬ್ಬಿಯಲ್ಲೇ ಹುಡುಕಿ. ಅದೇ ಮಾಲು, ಬೆಲೆ ಅರ್ಧದ ಆಸುಪಾಸು. ವಾಟರ್ ಪಂಪ್‌ನಂಥ ಎರಕದ ಪಾರ್ಟ್ ಮೇಲೆ ಕಾರ್ ಕಂಪನಿ ಲೋಗೋ ಇರಬೇಕಾದ ಜಾಗವನ್ನು ಕೆರೆದಿದ್ದರೆ ಗಾಬರಿ ಬೇಡ. ತಯಾರಕರು ತಮ್ಮ ಡಬ್ಬಿಯಲ್ಲಿ ಮಾರುವಾಗ ಹಾಗೆ ಕೆರೆದೇ ಕಳಿಸುವುದುಂಟು. ನಾನಂತೂ ಅದನ್ನು ನೋಡಿದರೆ ಖುಷಿ ಪಡುತ್ತೇನೆ.

ಪಾರ್ಟ್ ನಂಬರ್ ಬಗ್ಗೆ ಒಂದೇ ಮಾತು. ಎಂಜಿನ್ ನಂಬರ್ ಹಿಡಿದು ನೋಡಿ, ಕಾರಿನ ವರ್ಷ ಹಿಡಿದು ಅಲ್ಲ. ಒಂದೇ ವರ್ಷದ ಮಧ್ಯದಲ್ಲಿ ಪಾರ್ಟ್ ಬದಲಾಗಿರುತ್ತದೆ.

ಪಿಸ್ಟನ್ ಸಿಕ್ಕಿದ್ದು ಹಳೆ ಸ್ಟಾಕ್‌ನಲ್ಲಿ. 0.25 ಎಲ್ಲೂ ಒಳ್ಳೆಯದು ಇರಲಿಲ್ಲ. 0.50 ಒಂದು ಸೆಟ್ ಇತ್ತು, ಹತ್ತು ಹದಿನೈದು ವರ್ಷ ಶೆಲ್ಫ್ ಮೇಲೆ ಕೂತದ್ದು. ಡಬ್ಬಿ ಬಣ್ಣ ಹೋಗಿ ಬೆಳ್ಳಗಾಗಿತ್ತು. ಒಳಗೆ ಎಣ್ಣೆ ಕಾಗದ ಹಳದಿಯಾಗಿ ಅಂಟಿಕೊಂಡಿತ್ತು. ಬಿಡಿಸಿದರೆ ಪಿಸ್ಟನ್ ನಿನ್ನೆ ಮಾಡಿದ ಹಾಗೆ. ಅಲ್ಲೇ ಮೈಕ್ರೋಮೀಟರ್ ಹಿಡಿದೆ, ಪಿನ್‌ಗೆ ಅಡ್ಡಲಾಗಿ, ಪಿಸ್ಟನ್ ಕೆಳಭಾಗದ ಸ್ಕರ್ಟ್‌ನ ಕೆಳತುದಿಯಿಂದ 12 ಮಿ.ಮೀ. ಮೇಲೆ. ನಾಲ್ಕೂ 75.47, ಎರಡು ಮೈಕ್ರಾನ್ ಆಚೀಚೆ. ತೂಕದಲ್ಲಿ ಎರಡು ಗ್ರಾಂ ವ್ಯತ್ಯಾಸ. ಪಿನ್‌ನಿಂದ ತಲೆಯ ಎತ್ತರ ಹಳೆಯದಕ್ಕೆ ಸರಿಯಾಗಿ ಹೊಂದಿತು. ಚೌಕಾಸಿ ಮಾಡದೆ ದುಡ್ಡು ಕೊಟ್ಟು ಎತ್ತಿಕೊಂಡು ಬಂದೆ. ಅದರ ಜೊತೆಗಿದ್ದ ರಿಂಗ್‌ಗಳಿಗೆ ಸಣ್ಣಗೆ ತುಕ್ಕು ಬಂದಿತ್ತು. ಅವನ್ನು ಬಿಟ್ಟು ಬೇರೆ ರಿಂಗ್ ತಂದೆ. ರಿಂಗ್ ಬೇರೆ ತರುವಾಗ ಬೋರ್ ಸೈಜ್ ಮಾತ್ರ ನೋಡಿದರೆ ಸಾಲದು. ದಪ್ಪ, ಅಗಲ ಎರಡೂ ರಿಂಗ್ ಕೂರುವ ಪಿಸ್ಟನ್ ಗ್ರೂವ್‌ಗೆ ಹೊಂದಬೇಕು. ನನ್ನ ಮೂರು ರಿಂಗ್‌ಗಳ ದಪ್ಪ ಮೇಲಿನಿಂದ 1.2, 1.5, 2.8 ಮಿ.ಮೀ. ಒಬ್ಬರು 1.5, 1.5, 2.8 ಕೊಟ್ಟು "ಎಲ್ಲ ಒಂದೇ" ಅಂದಿದ್ದರು. ಮೇಲಿನ ರಿಂಗ್ ಗ್ರೂವ್ ಒಳಗೇ ಹೋಗುತ್ತಿರಲಿಲ್ಲ.

ಹಳೆ ಸ್ಟಾಕ್‌ನಲ್ಲಿ ಲೋಹದ್ದು ತಗೊಳ್ಳಿ, ರಬ್ಬರ್‌ದು ಬೇಡ. ಆಯಿಲ್ ಸೀಲ್, ಟೈಮಿಂಗ್ ಬೆಲ್ಟ್ ಎಷ್ಟೇ ಚೆನ್ನಾಗಿ ಕಂಡರೂ ಎಷ್ಟೋ ವರ್ಷ ಕಳೆದಿದ್ದರೆ ಸತ್ತ ಹಾಗೆ.

ಪಿಸ್ಟನ್‌ಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಲೇತ್‌ಗೆ ಹೋದೆ. ಪ್ರತಿ ಪಿಸ್ಟನ್‌ಗೂ ನಂಬರ್ ಹಾಕಿ, ಅದರ ಅಳತೆಗೆ 0.03 ಸೇರಿಸಿ ಆ ಸಿಲಿಂಡರ್‌ನ ಬೋರ್ ಎಷ್ಟಿರಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟೆ. "ಸವೆತ 0.12 ಇದೆ, 0.25 ಸಾಕಿತ್ತು, ಸುಮ್ನೆ ಒಂದು ಸೈಜ್ ಹಾಳು ಮಾಡ್ತಿದೀಯ" ಅಂದರು ಮೇಸ್ತ್ರಿ. ಆದರೂ ಚೀಟಿಯಂತೆ ಮಾಡಿಕೊಟ್ಟರು, ಅದೂ ಬಹಳ ಚೆನ್ನಾಗಿ. ಮುಂದಿನ ಸೈಜ್ ಉಳಿಸುವುದಕ್ಕಿಂತ ಈಗಿನ ಪಿಸ್ಟನ್ ಒಳ್ಳೆಯದಿರುವುದು ಮುಖ್ಯ. ಹೊಸ ರಿಂಗ್‌ಗಳ ಎರಡು ತುದಿ ನಡುವಿನ ಗ್ಯಾಪ್ ಬೋರ್‌ನಲ್ಲಿ 0.28ರ ಹತ್ತಿರ ಬಂತು. ಒಂದು ಮಾತ್ರ 0.20 ಇತ್ತು, ಅರದಿಂದ ಸರಿ ಮಾಡಿದೆ. ಟಾರ್ಚ್ ಬಿಟ್ಟು ನೋಡಿದೆ. ಪೂರ್ತಿ ಕತ್ತಲೆ.

ಬೇರಿಂಗ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಾನು ಕೈ ಸುಟ್ಟುಕೊಂಡಿದ್ದು ಅಲ್ಲಿ. ಶೆಲ್ (ಬೇರಿಂಗ್‌ನ ಅರ್ಧ ಬಳೆಯಂಥ ಚೂರು) ದಪ್ಪ ಅಳೆಯಲು ವಿಶೇಷ ಮೈಕ್ರೋಮೀಟರ್ ಬೇಕು ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಬೇಕಿಲ್ಲ. ಹಳೆ ಬಾಲ್ ಬೇರಿಂಗ್ ಒಡೆದು ಒಂದು ಗುಂಡು ತೆಗೆದಿಟ್ಟುಕೊಳ್ಳಿ. ಅದರ ಅಳತೆ ಮೊದಲು ನೋಡಿ ಬರೆದುಕೊಳ್ಳಿ. ಗುಂಡಿಗೆ ಒಂದು ಚೂರು ಗ್ರೀಸ್ ಹಚ್ಚಿ ಶೆಲ್‌ನ ಒಳಗಿನ ಬಾಗಿನ ಮಧ್ಯದಲ್ಲಿ ಅಂಟಿಸಿ. ಸಾಮಾನ್ಯ ಮೈಕ್ರೋಮೀಟರ್‌ನಲ್ಲಿ ಗುಂಡು, ಶೆಲ್ ಎರಡೂ ಸೇರಿಸಿ ಹಿಡಿದು ಅಳೆಯಿರಿ. ಗುಂಡಿನ ಅಳತೆ ಕಳೆದರೆ ಶೆಲ್ ದಪ್ಪ ಬಂತು. ಒಳ್ಳೆ ಶೆಲ್ ಮಧ್ಯದಲ್ಲಿ ದಪ್ಪ ಇದ್ದು ಎರಡು ತುದಿಗೆ ಹೋಗುತ್ತಾ ಕೆಲವು ಮೈಕ್ರಾನ್ ತೆಳುವಾಗುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ. ನನಗೆ ಸಿಕ್ಕಿದ್ದ ಡೂಪ್ಲಿಕೇಟ್ ಸೆಟ್‌ನಲ್ಲಿ ಮಧ್ಯ, ತುದಿ ಎಲ್ಲ ಒಂದೇ ದಪ್ಪ. ಒಂದು ಶೆಲ್ 1.49, ಇನ್ನೊಂದು 1.47. ಹೊಸ ಸೆಟ್‌ನಲ್ಲಿ ಎಂಟೂ ಶೆಲ್ ಐದು ಮೈಕ್ರಾನ್ ಒಳಗೆ ಬಂದವು. ಡಬ್ಬಿ, ಸ್ಟಿಕ್ಕರ್ ಯಾರು ಬೇಕಾದರೂ ಮುದ್ರಿಸಬಹುದು. ಈ ದಪ್ಪವನ್ನು ನಕಲು ಮಾಡುವುದು ಅಷ್ಟು ಸುಲಭ ಅಲ್ಲ.

ಆಮೇಲೆ ಶೆಲ್‌ಗಳನ್ನು ರಾಡ್‌ನಲ್ಲಿ ಕೂರಿಸಿ, ಪೂರ್ತಿ ಟಾರ್ಕ್ ಕೊಟ್ಟು, ಬೋರ್ ಗೇಜ್‌ನಿಂದ ಒಳಗಿನ ಅಳತೆ ತೆಗೆದೆ. ಅದರಿಂದ 0.035 ಕಳೆದು ಕ್ರ್ಯಾಂಕ್‌ನ ಜರ್ನಲ್ (ಬೇರಿಂಗ್ ಒಳಗೆ ತಿರುಗುವ ಭಾಗ) ಎಷ್ಟಿರಬೇಕು ಅಂತ ಗ್ರೈಂಡಿಂಗ್‌ನವರಿಗೆ ಕೊಟ್ಟೆ. ಕಟ್ಟುವಾಗ ಪ್ಲಾಸ್ಟಿಗೇಜ್ ನಾಲ್ಕೂ ಕಡೆ 0.035ರಿಂದ 0.04 ತೋರಿಸಿತು. ಲೇತ್ ಮೇಸ್ತ್ರಿ ತಾವೇ ಬಂದು ನೋಡಿ ಸುಮ್ಮನೆ ನಿಂತರು.

ಡಬ್ಬಿಯೊಳಗಿನ ಪ್ಯಾಕಿಂಗ್‌ನಲ್ಲಿ ನಾನು ನೋಡುವ ಇನ್ನೊಂದು ಗುರುತಿದೆ. ಅದನ್ನು ಬರೆಯಲ್ಲ. ನಕಲು ಮಾಡುವವರೂ ಓದುತ್ತಾರೆ.

ಈ ನಾಲ್ಕು ತಿಂಗಳಲ್ಲಿ ಕೈ ಸುಮ್ಮನಿರದೆ ಬೇರೆ ಪರೀಕ್ಷೆಗಳನ್ನೂ ಮಾಡಿದೆ. ವಾಲ್ವ್ ಸೀಲ್ ನಾಲ್ಕು ತರದ್ದು ತಂದು, ತೆಳುವಾದ ಕಬ್ಬಿಣದ ಡಬ್ಬಿಯಲ್ಲಿ ಎಂಜಿನ್ ಆಯಿಲ್ ಹಾಕಿ, 150 ಡಿಗ್ರಿ ಆಸುಪಾಸಿನಲ್ಲಿ ದಿನಕ್ಕೆ ಐದಾರು ಗಂಟೆಯಂತೆ ಒಂದು ವಾರ ಇಟ್ಟೆ. ಹೊರಗೆ ಬಯಲಲ್ಲೇ ಮಾಡಿದ್ದು, ಪಕ್ಕದಲ್ಲೇ ಕೂತು. ಎರಡು ತರದವು ಉಗುರಿನಿಂದ ಒತ್ತಿದರೆ ಟಕ್ ಅನ್ನುವಷ್ಟು ಗಟ್ಟಿಯಾದವು. ಒಂದರ ತುಟಿ ಬಿರುಕು ಬಿಟ್ಟಿತು. ಬಿಸಿ ತಡೆಯುವ ವೈಟಾನ್ ರಬ್ಬರ್‌ನ ಸೀಲ್ ಮಾತ್ರ ಹಾಕಿದ ದಿನದ ಹಾಗೇ ಇತ್ತು. ನೈಟ್ರೈಲ್ ರಬ್ಬರ್ 120 ಡಿಗ್ರಿ ಮೇಲೆ ಹೆಚ್ಚು ದಿನ ತಡೆಯಲ್ಲ. ಮೊದಲ ಸಲದ ನೀಲಿ ಹೊಗೆಯಲ್ಲಿ ಇದರದೂ ಪಾಲಿತ್ತು. ಬಣ್ಣ ನೋಡಿ ವೈಟಾನ್ ಅಂತ ನಿರ್ಧರಿಸಬೇಡಿ. ಗಟ್ಟಿಯಾದ ಎರಡರಲ್ಲಿ ಒಂದು ಹಸಿರು ಇತ್ತು, ಅಂಗಡಿಯಲ್ಲಿ ವೈಟಾನ್ ಅಂತಲೇ ಕೊಟ್ಟಿದ್ದರು.

ಥರ್ಮೋಸ್ಟಾಟ್ ಕೂಡ ಹಾಗೇ. ಐದು ತಂದು ನೀರಲ್ಲಿ ಕಾಯಿಸಿದೆ. ಎಲ್ಲದರ ಮೇಲೂ 82 ಅಂತ ಬರೆದಿತ್ತು. ಒಂದು 78ಕ್ಕೇ ತೆರೆಯಿತು, ಒಂದು 91ಕ್ಕೆ. ಇನ್ನೊಂದು ಸರಿಯಾದ ಹೊತ್ತಿಗೆ ಶುರು ಮಾಡಿ 4 ಮಿ.ಮೀ.ಗೆ ನಿಂತುಬಿಟ್ಟಿತು. 8 ಆದರೂ ತೆರೆಯಬೇಕಲ್ವಾ? ಉಳಿದ ಎರಡರಲ್ಲಿ ಒಂದನ್ನು ಹಾಕಿದೆ, ಇನ್ನೊಂದು ಡಿಕ್ಕಿಯಲ್ಲಿದೆ.

ಆಯಿಲ್ ಪಂಪ್ ಹೊಸದು ಹಾಕಲಿಲ್ಲ. ಸಿಕ್ಕ ಮೂರು ಹೊಸ ಪಂಪ್‌ಗಳಿಗಿಂತ ಫ್ಯಾಕ್ಟರಿಯ ಹಳೆಯದೇ ಅಳತೆಯಲ್ಲಿ ಚೆನ್ನಾಗಿತ್ತು. ಬಿಚ್ಚಿ ತೊಳೆದು, ರಿಲೀಫ್ ವಾಲ್ವ್ ಸಲೀಸಾಗಿ ಓಡಾಡುತ್ತದಾ ನೋಡಿ, ಹಾಗೇ ಹಾಕಿದೆ. ಹೆಡ್ ಗ್ಯಾಸ್ಕೆಟ್ ಸ್ಟೀಲ್ ಪದರದ್ದು ಬೇಡ ಅಂತ ಮಾಮೂಲಿ ಕಾಂಪೋಸಿಟ್ ತಗೊಂಡೆ. ಸ್ಟೀಲ್ ಪದರದ್ದಕ್ಕೆ ಹೆಡ್, ಬ್ಲಾಕ್ ಎರಡೂ ಕನ್ನಡಿಯ ಹತ್ತಿರ ನುಣುಪಿರಬೇಕು, ನನ್ನ ಬ್ಲಾಕ್ ಹಾಗಿರಲಿಲ್ಲ. ಹೆಡ್ ಬೋಲ್ಟ್ ಮಾತ್ರ ಹೊಸವು, ಕಾರ್ ಕಂಪನಿ ಡಬ್ಬಿಯವೇ. ಬಿಗಿದಾಗ ಹಿಗ್ಗುವ ಬೋಲ್ಟ್‌ಗಳನ್ನು ಎರಡನೇ ಸಲ ನಂಬಬಾರದು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಕಿಟ್ ಬೆಲೆ ಒಂದು ಅಂತ ಇಟ್ಟುಕೊಳ್ಳಿ. ಎಲ್ಲವನ್ನೂ ಕಾರ್ ಕಂಪನಿ ಡಬ್ಬಿಯಲ್ಲೇ ತಂದಿದ್ದರೆ ನಾಲ್ಕೂವರೆ ಆಗುತ್ತಿತ್ತು. ನನ್ನ ಮೂರನೇ ಎಂಜಿನ್‌ಗೆ ಪಾರ್ಟ್ಸ್‌ಗೆ ಎರಡೂಕಾಲು ಆಯಿತು, ಪರೀಕ್ಷೆಗೆ ತಂದು ಹಾಳು ಮಾಡಿದ್ದೂ ಸೇರಿ. ಆದರೆ ಮೊದಲ ಎರಡು ಸಲ ಪಾರ್ಟ್ಸ್, ಲೇತ್ ಕೂಲಿ, ಆಯಿಲ್, ಗಾಡಿ ಎಳೆಸಿದ್ದು ಎಲ್ಲ ಸೇರಿಸಿದರೆ ಐದರ ಮೇಲೆ ಹೋಗಿತ್ತು. ಆ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಒಂದು ಒಳ್ಳೆ ಬೋರ್ ಗೇಜ್ ಬಂದು ಎಷ್ಟೋ ಮಿಗುತ್ತಿತ್ತು.

ಆ ಲೇತ್ ಮೇಸ್ತ್ರಿ ಈಗ ಬೇರೆಯವರು ಬ್ಲಾಕ್ ತಂದರೆ "ಪಿಸ್ಟನ್ ಎಲ್ಲಿ? ತಗೊಂಡು ಬಾ, ಆಮೇಲೆ ನೋಡೋಣ" ಅನ್ನುತ್ತಾರೆ. ಅದನ್ನು ಕೇಳಿದ ದಿನ ನನಗಾದ ಸಂತೋಷ ಕಂಪ್ರೆಷನ್ ನೋಡಿದಾಗಲೂ ಆಗಿರಲಿಲ್ಲ.

ಈಗ ಗೆಳೆಯನ ಎಂಜಿನ್ ನನ್ನ ಹತ್ತಿರ ಬಿಚ್ಚಿಟ್ಟಿದೆ. ಅದಕ್ಕೆ ಪಿಸ್ಟನ್ ಸೆಟ್ ಇಲ್ಲವೇ ಇಲ್ಲ, ಬಿಡಿಯಾಗಿ ಹುಡುಕುತ್ತಿದ್ದೇನೆ. ಒಂದೇ ತಯಾರಕರದ್ದು, ಒಂದೇ ಸೈಜ್, ಒಂದೇ ತೂಕದ ಮೂರು ಸಿಕ್ಕಿವೆ. ನಾಲ್ಕನೆಯದು ಸಿಗುವ ತನಕ ಬ್ಲಾಕ್ ಎಣ್ಣೆ ಹಚ್ಚಿಕೊಂಡು ಮೂಲೆಯಲ್ಲೇ ಇರಲಿ.