ನೆಂಟರ ಕೋಣೆಯಲ್ಲಿ ಒಂದು ರಾತ್ರಿ ನಾನೇ ಮಲಗಿ ನೋಡಿದೆ

ಚಳಿಗಾಲದ ರಜೆ ಬಂತೆಂದರೆ ನಮ್ಮ ಮನೆ ತುಂಬುತ್ತದೆ. ನಾವಿರುವುದು ನಾಲ್ಕು ಜನ. ರಜೆಯಲ್ಲಿ ಅತ್ತೆ, ಮಾವ, ನಾದಿನಿ, ಅವಳ ಗಂಡ, ಇಬ್ಬರು ಮಕ್ಕಳು, ನನ್ನ ಚಿಕ್ಕಮ್ಮ ಎಲ್ಲ ಸೇರಿ ಹನ್ನೊಂದು ಜನ ಆಗುತ್ತೇವೆ. ನನಗೆ ಮನೆ ತುಂಬಿದರೇನೇ ಖುಷಿ. ಅದಕ್ಕೇ ಮೊದಲ ವರ್ಷ ಆದದ್ದು ನನಗೆ ತುಂಬಾ ನೋವು ಕೊಟ್ಟಿತು.

ಆ ವರ್ಷ ನಾನು ಮಾಡಿದ್ದು ಇಷ್ಟೇ. ಎರಡು ರೂಮ್ ಹೀಟರ್ ತಂದೆ, ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದೆ. ಇನ್ನೇನು ಬೇಕು ಅಂದುಕೊಂಡೆ. ಮೂರನೇ ದಿನ ಬೆಳಿಗ್ಗೆ ಐದಕ್ಕೆ ಎದ್ದು ಬಂದರೆ ಚಿಕ್ಕಮ್ಮ ಹಾಲ್‌ನಲ್ಲಿ ಶಾಲು ಸುತ್ತಿಕೊಂಡು ಕೂತಿದ್ದರು. "ಯಾಕೆ ಚಿಕ್ಕಮ್ಮ, ನಿದ್ದೆ ಬರಲಿಲ್ವಾ?" ಅಂದೆ. "ಏನಿಲ್ಲ ಬಿಡೆ, ವಯಸ್ಸಾಯ್ತಲ್ಲ, ಬೇಗ ಎಚ್ಚರ ಆಗುತ್ತೆ" ಅಂದರು. ಕೈ ಹಿಡಿದು ನೋಡಿದರೆ ಮಂಜಿನ ಹಾಗೆ ತಣ್ಣಗಿತ್ತು. ಮೂರು ರಾತ್ರಿಯಿಂದ ಅವರು ಸರಿಯಾಗಿ ಮಲಗಿರಲಿಲ್ಲ. ಒಂದು ಮಾತೂ ಹೇಳಿರಲಿಲ್ಲ.

ಇನ್ನೊಂದು ಕಡೆ, ಹಾಲ್‌ನಲ್ಲಿ ರಾತ್ರಿ ಎಲ್ಲರೂ ಕೂತಾಗ ಮಕ್ಕಳು ತಲೆನೋವು ಅನ್ನುತ್ತಿದ್ದರು, ಮಾವನವರು ಸೆಖೆ ಅಂತ ಎದ್ದು ಹೊರಗೆ ಹೋಗುತ್ತಿದ್ದರು. ಒಂದೇ ಮನೆ, ಒಂದು ಕೋಣೆಯಲ್ಲಿ ನಡುಕ, ಇನ್ನೊಂದರಲ್ಲಿ ಉಸಿರುಕಟ್ಟು.

ನೆಂಟರು ಚಳಿ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯವರಿಗೆ ಯಾಕೆ ತೊಂದರೆ ಅಂತ ಸುಮ್ನಿರುತ್ತಾರೆ. ಹಾಗಾದರೆ ಅವರು ಕೇಳುವ ಅಗತ್ಯವೇ ಬರಬಾರದು, ಅಲ್ವಾ? ಅದಕ್ಕೆ ಮರುವರ್ಷ ಅವರು ಬರುವ ಒಂದು ವಾರ ಮುಂಚೆ, ನೆಂಟರ ಕೋಣೆಯಲ್ಲಿ ನಾನೇ ಹಾಸಿಗೆ ಹಾಸಿಕೊಂಡು ಮಲಗಿದೆ. ನಾನು ಮಾಡಿದ ಎಲ್ಲ ತಯಾರಿಗಿಂತ ಆ ಒಂದು ರಾತ್ರಿ ಜಾಸ್ತಿ ಕಲಿಸಿತು.

ಮಲಗುವ ಎರಡು ಗಂಟೆ ಮುಂಚೆ ಹೀಟರ್ ಹಾಕಿದ್ದೆ. ಗೋಡೆಯ ಥರ್ಮಾಮೀಟರ್ 20 ಡಿಗ್ರಿ ತೋರಿಸುತ್ತಿತ್ತು. ಆದರೂ ಮೈ ನಡುಗುತ್ತಿತ್ತು. ತಿಂಗಳುಗಟ್ಟಲೆ ಮುಚ್ಚಿದ್ದ ಕೋಣೆ ಅದು. ಗಾಳಿ ಬಿಸಿಯಾಗಿತ್ತು, ಗೋಡೆ, ಮಂಚ, ಹಾಸಿಗೆ ಬಿಸಿಯಾಗಿರಲಿಲ್ಲ. ಸುತ್ತಲಿನ ಗೋಡೆ, ಗಾಜು ತಣ್ಣಗಿದ್ದರೆ ನಮ್ಮ ಮೈಯ ಶಾಖ ಅವುಗಳ ಕಡೆ ಹೋಗುತ್ತಲೇ ಇರುತ್ತದೆ, ಗಾಳಿ ಎಷ್ಟೇ ಬೆಚ್ಚಗಿರಲಿ. ಮಂಚದ ತಲೆಭಾಗ ಬೇರೆ ಕಿಟಕಿಯ ಕೆಳಗಿತ್ತು. ಗಾಜಿಗೆ ತಾಗಿ ತಣ್ಣಗಾದ ಗಾಳಿ ಕೆಳಗಿಳಿದು ನೇರ ನನ್ನ ನೆತ್ತಿಯ ಮೇಲೆ ಬೀಳುತ್ತಿತ್ತು. ಚಿಕ್ಕಮ್ಮ ತಲೆಗೆ ಶಾಲು ಸುತ್ತಿಕೊಂಡಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ರಾತ್ರಿ ಎರಡಕ್ಕೆ ಎಚ್ಚರವಾಯಿತು. ಇನ್ನೊಂದು ಹೊದಿಕೆ ಬೇಕಾಯಿತು. ಅದು ಎಲ್ಲಿದೆ? ನಮ್ಮ ಕೋಣೆಯ ಬೀರುವಿನಲ್ಲಿ, ನನ್ನ ಬಟ್ಟೆಗಳ ಹಿಂದೆ. ಯಾವ ನೆಂಟರು ನಡುರಾತ್ರಿ ನಮ್ಮ ಕೋಣೆ ಬಾಗಿಲು ತಟ್ಟಿ ಬೀರು ತೆಗೆಸುತ್ತಾರೆ? ಕತ್ತಲಲ್ಲಿ ದೀಪದ ಸ್ವಿಚ್ಚೂ ಕೈಗೆ ಸಿಗಲಿಲ್ಲ. ನಾನು ಇದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದವಳು.

ಮಾರನೆಯ ದಿನವೇ ಮಂಚವನ್ನು ಒಳಗೋಡೆಯ ಪಕ್ಕಕ್ಕೆ ಸರಿಸಿದೆವು. ಕಿಟಕಿಗೆ ದಪ್ಪ ಪರದೆ ಹಾಕಿದೆ. ಹಗಲು ಬಿಸಿಲು ಬಂದಾಗ ಪೂರ್ತಿ ತೆಗೆದಿಡುತ್ತೇನೆ, ಕತ್ತಲಾಗುವ ಮುಂಚೆ ಎಳೆಯುತ್ತೇನೆ. ಹಾಸಿಗೆಯ ಮೇಲೆ ಒಂದು ದಪ್ಪ ರಗ್ಗು ಹಾಸಿ, ಅದರ ಮೇಲೆ ಬೆಡ್‌ಶೀಟ್ ಹಾಕುತ್ತೇನೆ. ಚಳಿ ಕೆಳಗಿನಿಂದಲೂ ಬರುತ್ತದೆ, ನಾವು ಮಾತ್ರ ಮೇಲೆ ಮೇಲೆ ಹೊದೆಯುತ್ತಾ ಹೋಗುತ್ತೇವೆ. ಇನ್ನೊಂದು ಹೊದಿಕೆಯನ್ನು ಮಡಿಸಿ ಮಂಚದ ಪಕ್ಕದ ಕುರ್ಚಿಯ ಮೇಲೇ ಇಡುತ್ತೇನೆ. ಮಲಗಿದ್ದಲ್ಲಿಂದಲೇ ಕೈಗೆ ಸಿಗಬೇಕು. ಪಕ್ಕದಲ್ಲಿ ಒಂದು ಸಣ್ಣ ದೀಪ, ನೀರು. ಕೋಣೆಯನ್ನು ಅವರು ಬರುವ ಹಿಂದಿನ ದಿನದಿಂದಲೇ ಬೆಚ್ಚಗೆ ಇಡುತ್ತೇನೆ, ಗೋಡೆಗೆ ಬಿಸಿ ಹಿಡಿಯಲು ಅಷ್ಟು ಹೊತ್ತು ಬೇಕು.

ಗಾಳಿ ನುಗ್ಗುವ ಸಂದುಗಳನ್ನು ಕಂಡುಹಿಡಿದದ್ದು ಊದಿನಕಡ್ಡಿಯಿಂದ. ಗಾಳಿ ಜೋರಾಗಿ ಬೀಸುವ ದಿನ ಪರದೆಯನ್ನು ಪಕ್ಕಕ್ಕೆ ಕಟ್ಟಿ, ಹಚ್ಚಿದ ಕಡ್ಡಿಯನ್ನು ಕಿಟಕಿ ಚೌಕಟ್ಟಿನ ಅಂಚಿನಲ್ಲಿ ನಿಧಾನಕ್ಕೆ ಆಡಿಸಿದೆ. ಹೊಗೆ ಎಲ್ಲಿ ಬಾಗಿತೋ ಅಲ್ಲಿ ಸಂದು. ಅಲ್ಲಿಗೆ ಫೋಮ್ ಟೇಪ್ ಅಂಟಿಸಿದೆ. ಬಾಗಿಲ ಕೆಳಗಿನ ಸಂದಿಗೆ ಹಳೆ ಬಟ್ಟೆ ತುಂಬಿ ಹೊಲಿದ ಉದ್ದನೆಯ ದಿಂಬು.

ಹಾಲ್‌ನ ಕಥೆಯೇ ಬೇರೆ. ಅಲ್ಲಿ ಬೇಕಾಗಿದ್ದದ್ದು ಬಿಸಿಯಲ್ಲ, ಗಾಳಿ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬರುತ್ತದೆ. ಹನ್ನೊಂದು ಜನ ಕೂತರೆ 1 ಕಿಲೋವ್ಯಾಟ್, ಅಂದರೆ ಒಂದು ಸಣ್ಣ ಹೀಟರ್ ಉರಿದ ಹಾಗೆ. ನಾನು ಅದರ ಮೇಲೆ ನಿಜವಾದ ಹೀಟರನ್ನೂ ಹಾಕಿದ್ದೆ! ಈಗ ಎಲ್ಲರೂ ಸೇರುವ ಅರ್ಧ ಗಂಟೆ ಮುಂಚೆಯೇ ಹಾಲ್‌ನ ಹೀಟರ್ ಆರಿಸುತ್ತೇನೆ. ಬಂದಾಗ ಸ್ವಲ್ಪ ತಣ್ಣಗೆ ಅನಿಸಿದರೂ ಹತ್ತು ಹದಿನೈದು ನಿಮಿಷದಲ್ಲಿ ಸರಿಹೋಗುತ್ತದೆ.

ತೇವದ ವಿಷಯ ನನಗೆ ಗೊತ್ತೇ ಇರಲಿಲ್ಲ. ಮೊದಲ ವರ್ಷ ಬೆಳಿಗ್ಗೆ ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ಮಂಜಿನದು ಅಂದುಕೊಂಡಿದ್ದೆ. ಅದು ನಮ್ಮದೇ ಉಸಿರು. ಒಬ್ಬರ ಉಸಿರು ಮತ್ತು ಮೈಯಿಂದ ಗಂಟೆಗೆ ಸುಮಾರು 40 ಗ್ರಾಂ ನೀರಿನಂಶ ಗಾಳಿಗೆ ಸೇರುತ್ತದೆ. ನಾಲ್ಕು ಜನ ಒಂದು ಕೋಣೆಯಲ್ಲಿ ಎಂಟು ಗಂಟೆ ಮಲಗಿದರೆ ಒಂದು ಲೀಟರಿಗೂ ಜಾಸ್ತಿ. ಕೋಣೆ 21 ಡಿಗ್ರಿ ಇದ್ದು ತೇವಾಂಶ ಶೇಕಡಾ 60 ಇದ್ದರೆ, 13 ಡಿಗ್ರಿಗಿಂತ ತಣ್ಣಗಿರುವ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಹಾಗೇ ಬಿಟ್ಟರೆ ಮೂಲೆಯಲ್ಲಿ ಬೂಷ್ಟು. ಅದರ ಜೊತೆ ನಾವು ಹನ್ನೊಂದು ಒದ್ದೆ ಟವೆಲ್‌ಗಳನ್ನು ಒಳಗೇ ಒಣಗಿಸುತ್ತಿದ್ದೆವು. ಈಗ ತೇವಾಂಶ ತೋರಿಸುವ ಸಣ್ಣ ಮೀಟರ್ ಇಟ್ಟುಕೊಂಡಿದ್ದೇನೆ. 60 ದಾಟಿದರೆ ಕಿಟಕಿ ತೆಗೆಯುವ ಹೊತ್ತು ಬಂತು ಅಂತ.

ಕಿಟಕಿ ತೆಗೆಯುವುದಕ್ಕೂ ಒಂದು ರೀತಿ ಇದೆ. ಇಡೀ ದಿನ ಒಂದು ಬೆರಳಷ್ಟು ತೆರೆದಿಟ್ಟರೆ ಗೋಡೆಯೆಲ್ಲ ತಣ್ಣಗಾಗುತ್ತದೆ. ಅದರ ಬದಲು ಎದುರು ಬದುರು ಕಿಟಕಿಗಳನ್ನು ಅಗಲವಾಗಿ ತೆಗೆದು, ಐದೇ ನಿಮಿಷ ಬಿಟ್ಟು ಮುಚ್ಚಬೇಕು. ಆ ಹೊತ್ತು ಹೀಟರ್ ಆರಿಸಿರಬೇಕು. ಗಾಳಿ ಬದಲಾಗುತ್ತದೆ, ಗೋಡೆಯ ಬಿಸಿ ಹಾಗೇ ಉಳಿಯುತ್ತದೆ, ಕೋಣೆ ಬೇಗ ಬೆಚ್ಚಗಾಗುತ್ತದೆ. ನಾವು ಬೆಳಿಗ್ಗೆ ಎದ್ದ ಮೇಲೆ ಒಮ್ಮೆ, ಸಂಜೆ ಎಲ್ಲರೂ ಸೇರುವ ಮುಂಚೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ತೆಗೆಯುತ್ತೇವೆ. ಮಕ್ಕಳ ತಲೆನೋವು ಆಮೇಲೆ ಬಂದಿಲ್ಲ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅಷ್ಟೊಂದು ಜನ ಕೂತರೆ ಅದು ಸಾವಿರ ದಾಟಲು ಜಾಸ್ತಿ ಹೊತ್ತು ಬೇಕಿಲ್ಲ. ಆ ಮಂಪರು, ಬೇಸರ ಎಲ್ಲ ಹಳಸಿದ ಗಾಳಿಯಿಂದಲೇ.

ಎಷ್ಟು ಡಿಗ್ರಿ ಇರಬೇಕು ಅಂತ ಎಲ್ಲರೂ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎಂದಿದೆ, ವಯಸ್ಸಾದವರಿಗೆ, ಮಕ್ಕಳಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗಬಹುದು. ನಾನು ಚಿಕ್ಕಮ್ಮನ ಕೋಣೆಯನ್ನು 21ರಲ್ಲಿ ಇಡುತ್ತೇನೆ, ಉಳಿದವು 18ರ ಆಸುಪಾಸು. ನಾದಿನಿಯ ಗಂಡ ಬಂದ ಕೂಡಲೇ ಹೀಟರಿನ ಥರ್ಮೋಸ್ಟಾಟನ್ನು 28ಕ್ಕೆ ತಿರುಗಿಸುತ್ತಿದ್ದರು, ಬೇಗ ಬಿಸಿಯಾಗಲಿ ಅಂತ. "ಅಣ್ಣಾ, ಎಷ್ಟಕ್ಕೆ ಇಟ್ಟರೂ ಅದು ಅದೇ ವೇಗದಲ್ಲಿ ಬಿಸಿ ಮಾಡೋದು, ನಿಲ್ಲೋದು ಮಾತ್ರ ತಡ" ಅಂದೆ. ಒಪ್ಪಿಕೊಂಡರು.

ಚಿಕ್ಕಮ್ಮನಿಗೆ ಬಿಸಿನೀರಿನ ಚೀಲ ತುಂಬಾ ಹಿಡಿಸಿತು. ಕುದಿಯುವ ನೀರು ಹಾಕಬಾರದು. ಬಟ್ಟೆ ಸುತ್ತಿ, ಮಲಗುವ ಅರ್ಧ ಗಂಟೆ ಮುಂಚೆ ಕಾಲು ಇಡುವ ಜಾಗದಲ್ಲಿ ಹೊದಿಕೆಯ ಒಳಗಿಡುತ್ತೇನೆ. ಪಾದ ಬೆಚ್ಚಗಾದರೆ ನಿದ್ದೆ ಬೇಗ ಹತ್ತುತ್ತದೆ. ಅವರು ಮಲಗಿದ ಮೇಲೆ ತೆಗೆದುಬಿಡುತ್ತೇನೆ. ವಯಸ್ಸಾದವರ ಚರ್ಮ ತೆಳು, ಬಿಸಿ ತಾಗಿದ್ದು ಗೊತ್ತಾಗದೆ ಸುಡಬಹುದು.

ಕೂಸಿಗೆ ಇದ್ಯಾವುದೂ ಬೇಡ. ನಾದಿನಿಯ ಚಿಕ್ಕ ಮಗುವಿಗೆ ಆಗ ಹತ್ತು ತಿಂಗಳು. ಸಡಿಲವಾದ ಹೊದಿಕೆ, ಬಿಸಿ ಚೀಲ ಒಂದೂ ತೊಟ್ಟಿಲಿಗೆ ಹಾಕಲಿಲ್ಲ. ಮೈಗೆ ಸರಿಯಾಗಿ ಕೂರುವ ಬಟ್ಟೆ ಒಂದರ ಮೇಲೊಂದು ಹಾಕಿದರೆ ಸಾಕು. ಇನ್ನೊಂದು ವಿಷಯ ನಿಜವಾಗಿ ಜೋಪಾನ. ಟ್ರಂಕಿನಿಂದ ತೆಗೆದ ಕಂಬಳಿಗೆ ನುಸಿಗುಳಿಗೆ ವಾಸನೆ ಇರುತ್ತದಲ್ಲ, ಆ ನ್ಯಾಫ್ತಲೀನ್, ಜಿ6ಪಿಡಿ ಅನ್ನುವ ಕಿಣ್ವದ (ಎಂಜೈಮ್) ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕೊರತೆ ಇದೆ ಅಂತ ಎಷ್ಟೋ ಸಲ ಮನೆಯವರಿಗೇ ಗೊತ್ತಿರುವುದಿಲ್ಲ. ನಾನು ಎಲ್ಲ ಹೊದಿಕೆಗಳನ್ನು ಒಂದು ವಾರ ಮುಂಚೆ ತೊಳೆದು ಬಿಸಿಲಿಗೆ ಹಾಕುತ್ತೇನೆ.

ಸ್ನಾನದ ಬಿಸಿನೀರಿನ ಲೆಕ್ಕವನ್ನು ಕೂತು ಬರೆದೇ ಹಾಕಿದೆ. ನಮ್ಮದು 25 ಲೀಟರ್ ಗೀಸರ್. 60 ಡಿಗ್ರಿ ನೀರನ್ನು 15 ಡಿಗ್ರಿ ತಣ್ಣೀರಿನ ಜೊತೆ ಬೆರೆಸಿ 40 ಡಿಗ್ರಿಗೆ ತಂದರೆ ಸಿಗುವುದು 45 ಲೀಟರ್. ದೊಡ್ಡ ಬಕೆಟ್ ಎರಡೂವರೆ. ಶವರ್ ಆದರೆ ಐದಾರು ನಿಮಿಷಕ್ಕೆ ಮುಗಿಯಿತು. ಮತ್ತೆ ಕಾಯಲು 2 ಕಿಲೋವ್ಯಾಟ್ ಗೀಸರಿಗೆ ಸುಮಾರು 40 ನಿಮಿಷ. ಹನ್ನೊಂದು ಜನ ಬೆಳಿಗ್ಗೆಯೇ ಸ್ನಾನ ಅಂದರೆ ಯಾರಿಗೋ ತಣ್ಣೀರು ಗ್ಯಾರಂಟಿ. ಈಗ ಮಕ್ಕಳದ್ದು, ನಮ್ಮದು ಸಂಜೆ. ಬೆಳಿಗ್ಗೆ ಮೊದಲು ಹಿರಿಯರದ್ದು. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಅದಕ್ಕೆ ಮಕ್ಕಳಿಗೆ ನೀರು ಬೆರೆಸುವುದು ದೊಡ್ಡವರೇ.

ಗೀಸರ್ ಮತ್ತು ಎರಡು ಹೀಟರ್ ಒಟ್ಟಿಗೆ ಹಾಕಬೇಡಿ. 2000 ವ್ಯಾಟ್ ಹೀಟರ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮೊದಲ ವರ್ಷ ಅದನ್ನು ಸಾಮಾನ್ಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ದೆ. ಪ್ಲಗ್ ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ವಾಸನೆ ಬಂದಾಗ ಎದೆ ಧಸಕ್ಕೆಂದಿತು. ಈಗ ನೇರ ಗೋಡೆಯ ಪವರ್ ಸಾಕೆಟ್ಟಿಗೆ ಮಾತ್ರ, ಹಾಸಿಗೆ, ಪರದೆಯಿಂದ 1 ಮೀಟರ್ ದೂರ. ಒಂದು ಸಲ ಯಾರೋ ಬಾಣಲೆಯಲ್ಲಿ ಕೆಂಡ ತುಂಬಿ ಮಲಗುವ ಕೋಣೆಗೆ ತಂದರು. ನಾನು ಒಪ್ಪಲೇ ಇಲ್ಲ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ನೆಂಟರ ಮುಂದೆ ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲ, ಅದರ ಬಗ್ಗೆ ನನಗೆ ಬೇಸರ ಇಲ್ಲ.

ಕಳೆದ ರಜೆಯಲ್ಲಿ ಚಿಕ್ಕಮ್ಮ ಬಂದ ಮಾರನೆಯ ದಿನ ನಾನು ಎಂದಿನಂತೆ ಐದಕ್ಕೆ ಎದ್ದೆ. ಹಾಲ್ ಖಾಲಿ ಇತ್ತು. ಏಳೂವರೆಯಾದರೂ ಅವರ ಕೋಣೆಯ ಬಾಗಿಲು ಹಾಕೇ ಇತ್ತು. ಮೆಲ್ಲಗೆ ತೆಗೆದು ನೋಡಿದೆ. ಕುರ್ಚಿಯ ಮೇಲಿಟ್ಟಿದ್ದ ಹೊದಿಕೆ ಕುರ್ಚಿಯ ಮೇಲೆ ಇರಲಿಲ್ಲ. ಚಿಕ್ಕಮ್ಮ ಅದನ್ನು ಕುತ್ತಿಗೆವರೆಗೂ ಎಳೆದುಕೊಂಡು, ಗೋಡೆಯ ಕಡೆ ತಿರುಗಿ ಮಲಗಿದ್ದರು.