ಜಿಮ್ಮಿ ಸ್ಕಾಟ್ ಅವರ ಜೊತೆ ಕೂತು ನಿಧಾನ ಕಲಿತದ್ದು

ಸುಗಮ ಸಂಗೀತ ಹಾಡುವವರಿಗೆ ನಿಧಾನದ ಹಾಡು ನಿಜಕ್ಕೂ ಕಷ್ಟ. ವೇಗ ಇದ್ದರೆ ತಬಲಾ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ವಿಳಂಬದಲ್ಲಿ ಎರಡು ಪೆಟ್ಟಿನ ನಡುವೆ ಅಷ್ಟು ದೊಡ್ಡ ಜಾಗ ಬಿದ್ದಿರುತ್ತದೆ. ಆ ಜಾಗಕ್ಕೆ ಹೆದರಿ ನಾವು ಸಂಗತಿ, ಗಮಕ, ಪುಟ್ಟ ಆಲಾಪ ಅಂತ ಏನಾದರೂ ತುಂಬಿಸಿಬಿಡುತ್ತೇವೆ. ಕವಿಯ ಮಾತು ಅದರ ಕೆಳಗೆ ಹೂತುಹೋಗುತ್ತದೆ.

ಆ ಜಾಗದಲ್ಲಿ ಧೈರ್ಯವಾಗಿ ಸುಮ್ಮನಿರುವುದನ್ನು ನಾನು ಕಲಿತದ್ದು ಅಮೆರಿಕದ ಜಾಝ್ ಗಾಯಕ ಜಿಮ್ಮಿ ಸ್ಕಾಟ್ ಅವರ ರೆಕಾರ್ಡಿಂಗ್‌ಗಳಿಂದ. ಜಾಝ್ ಕೇಳುವವರಲ್ಲೂ ಎಷ್ಟೋ ಜನಕ್ಕೆ ಅವರ ಹೆಸರು ಗೊತ್ತಿಲ್ಲ. ಬಿಲ್ಲಿ ಹಾಲಿಡೇ, ಫ್ರಾಂಕ್ ಸಿನಾತ್ರಾ ಅಂದರೆ ತಲೆಯಾಡಿಸುತ್ತಾರೆ, ಜಿಮ್ಮಿ ಸ್ಕಾಟ್ ಅಂದರೆ "ಯಾರದು?" ಅನ್ನುತ್ತಾರೆ. ಇದು ಅನ್ಯಾಯ ಅಂತ ನನಗೆ ಮನಸಾರೆ ಅನ್ನಿಸುತ್ತದೆ. ಜಾಝ್‌ನ ಬ್ಯಾಲಡ್‌ಗಳನ್ನು, ಅಂದರೆ ನಿಧಾನದ ಪ್ರೇಮಗೀತೆಗಳನ್ನು, ಅವರಷ್ಟು ನಿಧಾನವಾಗಿ, ಅವರಷ್ಟು ನಿಜವಾಗಿ ಹಾಡಿದವರನ್ನು ನಾನು ಕೇಳಿಲ್ಲ.

ಮೊದಲು ಆ ದನಿಯ ಬಗ್ಗೆ ಹೇಳಬೇಕು. ಅವರು ಹುಟ್ಟಿದ್ದು 1925ರಲ್ಲಿ, ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಅವರಿಗೆ ಕಾಲ್‌ಮನ್ ಸಿಂಡ್ರೋಮ್ ಅನ್ನುವ ಹುಟ್ಟುತೊಂದರೆ ಇತ್ತು. ಅದಿದ್ದರೆ ಹುಡುಗರ ದೇಹದಲ್ಲಿ ಪ್ರಾಯದ ಬದಲಾವಣೆಗಳು ಆಗುವುದಿಲ್ಲ. ಗಂಟಲು ಒಡೆಯುವುದಿಲ್ಲ. 37 ವರ್ಷದವರೆಗೆ ಅವರ ಎತ್ತರ 4 ಅಡಿ 11 ಇಂಚು ಅಷ್ಟೇ. ಆಮೇಲೆ 8 ಇಂಚು ಬೆಳೆದರು. ದನಿ ಮಾತ್ರ ಎತ್ತರದಲ್ಲೇ ಉಳಿಯಿತು. ಕೇಳಿದರೆ ಹೆಣ್ಣಿನದೋ ಗಂಡಿನದೋ ಅಂತ ತಟ್ಟನೆ ತಿಳಿಯುವುದಿಲ್ಲ. ಮಗುವಿನ ದನಿಯೂ ಅಲ್ಲ. ಅದರಲ್ಲಿ ದೊಡ್ಡವರ ದುಃಖ ಇದೆ.

ಲಯೊನೆಲ್ ಹ್ಯಾಂಪ್ಟನ್ ಅವರ ಜಾಝ್ ತಂಡದೊಂದಿಗೆ ಅವರು ಹಾಡಿದ 'ಎವ್ರಿಬಡೀಸ್ ಸಮ್‌ಬಡೀಸ್ ಫೂಲ್' 1950ರಲ್ಲಿ ಜನಪ್ರಿಯವಾಯಿತು. ಆದರೆ ಡಿಸ್ಕಿನ ಮೇಲೆ ಅವರ ಹೆಸರೇ ಇರಲಿಲ್ಲ. ಅದೇ ವರ್ಷ ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಜೊತೆ 'ಎಂಬ್ರೇಸಬಲ್ ಯು' ಹಾಡಿದರು. ಆ ರೆಕಾರ್ಡಿಂಗ್ ಮುಂದೆ ಹೊರಬಂದಾಗ ಹಾಡಿದವರ ಹೆಸರು ಅಂತ ಒಬ್ಬ ಗಾಯಕಿಯ ಹೆಸರನ್ನು ಹಾಕಿದ್ದರು. ಒಂದೇ ವರ್ಷದ ಎರಡು ಹಾಡು. ಒಂದರಲ್ಲಿ ಹೆಸರಿಲ್ಲ, ಇನ್ನೊಂದರಲ್ಲಿ ಬೇರೆಯವರ ಹೆಸರು!

ನಾನು ಶುರು ಮಾಡಿದ್ದು ಈ 'ಎಂಬ್ರೇಸಬಲ್ ಯು' ಹಾಡಿನಿಂದಲೇ. ಕಾರಣ ಇದೆ. ಇದನ್ನು ಅವರು 1992ರ 'ಆಲ್ ದ ವೇ' ಆಲ್ಬಮ್ಮಿನಲ್ಲಿ ಮತ್ತೆ ಹಾಡಿದ್ದಾರೆ. ಒಂದೇ ಹಾಡು, ಒಬ್ಬರೇ ಗಾಯಕ, ನಡುವೆ 42 ವರ್ಷ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಪಾಠ ಎಲ್ಲಿ ಸಿಗುತ್ತದೆ?

ಎರಡನ್ನೂ ಕೇಳುವಾಗ ನಾನು ಒಂದು ನಿಯಮ ಇಟ್ಟುಕೊಂಡೆ. ಮೊದಮೊದಲು ದನಿಯನ್ನು ಕೇಳುವುದೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಡಬಲ್ ಬೇಸನ್ನು, ಅಂದರೆ ತಗ್ಗಿನ ಸ್ವರದ ದೊಡ್ಡ ತಂತಿವಾದ್ಯವನ್ನು, ಮಾತ್ರ ಹಿಂಬಾಲಿಸುವುದು. 1992ರ ರೆಕಾರ್ಡಿಂಗ್‌ನಲ್ಲಿ ಬೇಸ್ ನುಡಿಸಿದವರು ರಾನ್ ಕಾರ್ಟರ್, ಪಿಯಾನೊ ಕೆನ್ನಿ ಬ್ಯಾರನ್, ಡ್ರಮ್ಸ್ ಗ್ರೇಡಿ ಟೇಟ್. ಲಯದಲ್ಲಿ ಕಲ್ಲಿನಂತೆ ನಿಲ್ಲುವವರು. ಬೇಸಿನ ನಡೆ ಕೈಗೆ ಬಂದು, ತೊಡೆಯ ಮೇಲೆ ತಾಳ ತಾನಾಗಿ ಬೀಳುವವರೆಗೆ ಹಾಗೇ ಕೇಳಿದೆ. ಆಮೇಲೆ ದನಿಗೆ ಕಿವಿ ಕೊಟ್ಟೆ. ಆಗ ಬೆನ್ನು ಜುಂ ಅಂದಿತು. ಅವರು ಪೆಟ್ಟಿನ ಮೇಲೆ ಇಲ್ಲವೇ ಇಲ್ಲ. ಎಲ್ಲೋ ಹಿಂದೆ ಇದ್ದಾರೆ. ವಾದ್ಯದವರು ಅವರಿಗಾಗಿ ಕಾಯುವುದಿಲ್ಲ, ಅವರೂ ಅವಸರ ಮಾಡುವುದಿಲ್ಲ. ಹಿಂದಿನ ಸಾಲಿನ ಮಾತು ಇನ್ನೂ ಬಾಯಲ್ಲಿದೆ, ಅಷ್ಟರಲ್ಲಿ ಪಿಯಾನೊ ಮುಂದಿನ ಕಾರ್ಡಿಗೆ, ಅಂದರೆ ಒಟ್ಟಿಗೆ ನುಡಿಸುವ ಮುಂದಿನ ಸ್ವರಗಳ ಗುಂಪಿಗೆ, ಹೋಗಿರುತ್ತದೆ. ಆ ಮಾತು ಈಗ ಬೇರೆಯ ಕಾರ್ಡಿನ ಮೇಲೆ ನಿಲ್ಲಬೇಕು. ನಿಲ್ಲುತ್ತದೆ. ಆ ಸಣ್ಣ ಎಳೆತದಲ್ಲೇ ಕಣ್ಣು ತುಂಬುವ ಏನೋ ಒಂದು ಇದೆ.

ನಮ್ಮಲ್ಲೂ ತಾಳ ಬಿದ್ದ ಮೇಲೆ ಹಾಡು ಎತ್ತಿಕೊಳ್ಳುವ ಅನಾಗತ ಎಡುಪು ಇದೆ, ಅಲ್ವಾ? ಆದರೆ ಅದು ಲೆಕ್ಕದ್ದು. ಅರ್ಧ ಅಕ್ಷರ ಅಂದರೆ ಪ್ರತಿ ಆವರ್ತದಲ್ಲೂ ಅರ್ಧ ಅಕ್ಷರ. ಸ್ಕಾಟ್ ಅವರದು ಹಾಗೆ ಗಟ್ಟಿಯಾಗಿ ಕೂರುವುದಿಲ್ಲ. ಒಂದು ಸಾಲಿನಲ್ಲಿ ಸ್ವಲ್ಪ ತಡ, ಇನ್ನೊಂದರಲ್ಲಿ ಜಾಸ್ತಿ ತಡ, ಮತ್ತೊಂದರಲ್ಲಿ ಸರಿಯಾಗಿ ಸಮದ ಮೇಲೆ.

ಈ ತಡ ಎಲ್ಲೆಲ್ಲಿ ಬೀಳುತ್ತದೆ ಅಂತ ಕಣ್ಣಿನಿಂದ ನೋಡಬೇಕು ಅನ್ನಿಸಿತು. ಅದಕ್ಕೆ ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿದೆ. ಹಾಡು ಓಡುತ್ತಿರುವಾಗಲೇ ಕಂಟ್ರೋಲ್ ಮತ್ತು ಎಂ ಕೀ ಒಟ್ಟಿಗೆ ಒತ್ತಿದರೆ ಆ ಜಾಗದಲ್ಲಿ ಒಂದು ಗುರುತು ಬೀಳುತ್ತದೆ. ಒಮ್ಮೆ ಬರೀ ಬೇಸಿನ ಮೊದಲ ಪೆಟ್ಟುಗಳಿಗೆ ಗುರುತು ಹಾಕಿದೆ. ಇನ್ನೊಮ್ಮೆ ಬೇರೆ ಸಾಲಿನಲ್ಲಿ ಪ್ರತಿ ಪದ ಶುರುವಾಗುವ ಕಡೆ ಹಾಕಿದೆ. ಎರಡೂ ಸಾಲು ಒಂದರ ಕೆಳಗೆ ಒಂದು ಇಟ್ಟು ನೋಡಿದಾಗ ವಿಷಯ ಬಯಲಾಯಿತು. ಅವರು ಎಲ್ಲ ಪದಕ್ಕೂ ತಡ ಮಾಡುವುದಿಲ್ಲ. ಮನಸ್ಸಿಗೆ ಹೇಳಲು ಕಷ್ಟವಾಗುವ ಪದದ ಮುಂದೆ ನಿಲ್ಲುತ್ತಾರೆ. ಸಣ್ಣಪುಟ್ಟ ಪದಗಳನ್ನು ಮಾತಾಡಿದ ಹಾಗೆ ಬೇಗ ಹೇಳಿ, ಆ ಒಂದು ಪದಕ್ಕೆ ಜಾಗ ಉಳಿಸಿಕೊಳ್ಳುತ್ತಾರೆ. ಆ ಪದ ಬಂದ ಮೇಲೆ ಮೊದಲು ಸ್ವರವನ್ನು ನೇರವಾಗಿ ಹಿಡಿದು, ಕೊನೆಗೆ ಕಂಪನ ಕೊಡುತ್ತಾರೆ. ಆ ಕಂಪನ ಅಗಲವಾಗಿರುತ್ತದೆ. ಹೊಸಬರಿಗೆ ಅದು ಒಂದು ಥರ ವಿಚಿತ್ರ ಅನ್ನಿಸಬಹುದು. ಎರಡು ಮೂರು ಹಾಡು ಕೇಳುವಷ್ಟರಲ್ಲಿ ಕಿವಿ ಹೊಂದಿಕೊಳ್ಳುತ್ತದೆ.

ಇನ್ನು ಅವರ ಆಲ್ಬಮ್‌ಗಳ ಕಥೆ. ಇದನ್ನು ಹೇಳುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. 1950ರ ದಶಕದಲ್ಲಿ ಸ್ಕಾಟ್ ಹಾಡುತ್ತಿದ್ದದ್ದು ನ್ಯೂಜೆರ್ಸಿಯ ನ್ಯೂವಾರ್ಕಿನಲ್ಲಿದ್ದ ಸೆವಾಯ್ ರೆಕಾರ್ಡ್ ಕಂಪನಿಗೆ. ಯಜಮಾನ ಹರ್ಮನ್ ಲುಬಿನ್ಸ್ಕಿ. 1962ರಲ್ಲಿ ಗಾಯಕ ರೇ ಚಾರ್ಲ್ಸ್ ತಮ್ಮದೇ ರೆಕಾರ್ಡ್ ಕಂಪನಿ ಟ್ಯಾಂಜರೀನ್‌ಗೆ ಸ್ಕಾಟ್ ಅವರನ್ನು ಕರೆಸಿ 'ಫಾಲಿಂಗ್ ಇನ್ ಲವ್ ಈಸ್ ವಂಡರ್‌ಫುಲ್' ಆಲ್ಬಮ್ ಮಾಡಿಸಿದರು. ಪಿಯಾನೊ ನುಡಿಸಿದ್ದು ಸ್ವತಃ ರೇ ಚಾರ್ಲ್ಸ್. ಪಿಟೀಲುಗಳ ದೊಡ್ಡ ಗುಂಪು, ಮಾರ್ಟಿ ಪೇಚ್ ಮತ್ತು ಜೆರಾಲ್ಡ್ ವಿಲ್ಸನ್ ಅವರ ವಾದ್ಯ ಸಂಯೋಜನೆ. ಆಲ್ಬಮ್ ಹೊರಬಂದ ಕೂಡಲೇ ಲುಬಿನ್ಸ್ಕಿ "ಈ ಗಾಯಕನ ಕರಾರು ನನ್ನ ಹತ್ತಿರ ಇದೆ" ಅಂತ ಅಡ್ಡ ಬಂದರು. ಡಿಸ್ಕುಗಳನ್ನು ಅಂಗಡಿಗಳಿಂದ ವಾಪಸ್ ತೆಗೆದುಕೊಳ್ಳಬೇಕಾಯಿತು. ಅದು ಮತ್ತೆ ಜನರಿಗೆ ಸಿಕ್ಕಿದ್ದು ಸುಮಾರು 40 ವರ್ಷದ ಮೇಲೆ. 1969ರಲ್ಲಿ ಅಟ್ಲಾಂಟಿಕ್ ಕಂಪನಿಗೆ ಹಾಡಿದ 'ದ ಸೋರ್ಸ್' ಆಲ್ಬಮ್ಮಿಗೂ ಇದೇ ಗತಿ. ಅದು ಸರಿಯಾಗಿ ಸಿಕ್ಕಿದ್ದು 2001ರಲ್ಲಿ.

ಗಾಯಕ ಏನು ಮಾಡಬೇಕು? ಕ್ಲೀವ್‌ಲ್ಯಾಂಡಿಗೆ ವಾಪಸ್ ಹೋದರು. ಆಸ್ಪತ್ರೆಯಲ್ಲಿ ಸಹಾಯಕನಾದರು, ಸರಕು ರವಾನೆಯ ಗುಮಾಸ್ತನಾದರು, ಹೋಟೆಲಿನಲ್ಲಿ ಲಿಫ್ಟ್ ನಡೆಸಿದರು. 'ದ ಸೋರ್ಸ್' ಕೇಳುವಾಗ ನನಗೆ ಇದು ನೆನಪಾಗದೆ ಇರುವುದಿಲ್ಲ. ಅದರಲ್ಲಿ 'ಸಮ್‌ಟೈಮ್ಸ್ ಐ ಫೀಲ್ ಲೈಕ್ ಎ ಮದರ್‌ಲೆಸ್ ಚೈಲ್ಡ್' ಅನ್ನುವ ಹಳೆಯ ಆಫ್ರಿಕನ್ ಅಮೆರಿಕನ್ ಭಕ್ತಿಗೀತೆ ಇದೆ. ತಾಯಿಯಿಲ್ಲದ ಮಗುವಿನ ಅಳಲು. ಸ್ಕಾಟ್ ಅವರ ತಾಯಿ ಕಾರಿಗೆ ಸಿಕ್ಕಿ ತೀರಿಕೊಂಡಾಗ ಅವರಿಗೆ 13 ವರ್ಷ. ಆ ಹಾಡಿಗೆ ನಾನು ಆಡಾಸಿಟಿಯಲ್ಲಿ ಗುರುತು ಹಾಕಲಿಲ್ಲ. ಸುಮ್ನೆ ಕೇಳಿದೆ.

ನಾನು ಜಾಸ್ತಿ ಹೊತ್ತು ಕೂತದ್ದು 'ಸಮ್‌ಒನ್ ಟು ವಾಚ್ ಓವರ್ ಮಿ' ಮೇಲೆ. ಗರ್ಶ್ವಿನ್ ಸೋದರರು 1926ರಲ್ಲಿ ಒಂದು ಸಂಗೀತ ನಾಟಕಕ್ಕೆ ಮಾಡಿದ ಹಾಡು. ಮೂಲ ಹಾಡು 32 ಬಾರ್ (ಬಾರ್ ಅಂದರೆ ನಮ್ಮ ಆವರ್ತದ ಹಾಗೆ ತಾಳದ ಒಂದು ಸುತ್ತು), ಎಂಟೆಂಟು ಬಾರಿನ ನಾಲ್ಕು ಭಾಗ. ಮೊದಲ ಎರಡಕ್ಕೆ ಒಂದೇ ಧಾಟಿ, ಮೂರನೆಯದು ಬೇರೆ, ಕೊನೆಗೆ ಮತ್ತೆ ಮೊದಲಿನದು. ಇದು 1962ರ ಆಲ್ಬಮ್ಮಿನಲ್ಲೂ ಇದೆ, 1992ರದರಲ್ಲೂ ಇದೆ. ನಡುವೆ ಇನ್ನೊಂದು ಕಥೆ. 1991ರಲ್ಲಿ ಗೀತರಚನೆಕಾರ ಡಾಕ್ ಪೋಮಸ್ ತೀರಿಕೊಂಡರು. ಅವರು ಸ್ಕಾಟ್ ಅವರ ಹಳೆಯ ಗೆಳೆಯ. ಅಂತ್ಯಕ್ರಿಯೆಯಲ್ಲಿ ಸ್ಕಾಟ್ ಹಾಡಿದ್ದು ಇದೇ ಹಾಡು. ಅಲ್ಲಿ ಕೂತಿದ್ದ ಸೈರ್ ರೆಕಾರ್ಡ್ಸ್‌ನ ಸೀಮರ್ ಸ್ಟೈನ್ ಅದನ್ನು ಕೇಳಿ ಅವರಿಗೆ ಕರಾರು ಕೊಟ್ಟರು. 'ಆಲ್ ದ ವೇ' ಹುಟ್ಟಿದ್ದು ಹೀಗೆ. ಅದು ಗ್ರ್ಯಾಮಿಗೆ ನಾಮನಿರ್ದೇಶನವಾಯಿತು. ಆಗ ಅವರಿಗೆ 67ರ ಹತ್ತಿರ.

1962ರಲ್ಲಿ ದನಿ ಹೊಳೆಯುತ್ತದೆ, ಉಸಿರು ಉದ್ದ, ಸಾಲು ತುಂಡಾಗುವುದಿಲ್ಲ. 1992ರಲ್ಲಿ ದನಿಗೆ ಗೆರೆಗಳು ಬಿದ್ದಿವೆ, ಉಸಿರು ಚಿಕ್ಕದು. ಆದ್ದರಿಂದ ಸಾಲನ್ನು ಎರಡಾಗಿ, ಮೂರಾಗಿ ಒಡೆಯುತ್ತಾರೆ. ಎಲ್ಲಿ ಒಡೆಯುತ್ತಾರೆ ಅನ್ನುವುದರಲ್ಲೇ ಅವರ ಹಿರಿಮೆ ಇದೆ. ಅರ್ಥ ಎಲ್ಲಿ ಉಸಿರೆಳೆಯುತ್ತದೋ ಅಲ್ಲೇ ಅವರೂ ಉಸಿರೆಳೆಯುತ್ತಾರೆ. ಒಂದನ್ನೇ ಆರಿಸು ಅಂದರೆ ನಾನು 1992ರದನ್ನು ಆರಿಸುತ್ತೇನೆ. ಇದನ್ನು ಒಪ್ಪದ ಗೆಳೆಯರಿದ್ದಾರೆ, ಅವರಿಗೆ 1962ರ ಪಿಟೀಲುಗಳು ಬೇಕು.

ಕೇಳಿದ್ದನ್ನು ಗಂಟಲಿಗೆ ತರಲು ನಾನು ಮಾಡಿದ ಅಭ್ಯಾಸ ಹೀಗಿದೆ. ನಿಮಿಷಕ್ಕೆ 60 ಪೆಟ್ಟಿನ ಲಯ ಬೇಕಿದ್ದರೆ ಟಿಕ್ ಟಿಕ್ ಅಂತ ಲಯ ಕೊಡುವ ಮೆಟ್ರೊನೋಮನ್ನು 30ಕ್ಕೆ ಇಡುವುದು. ಕೇಳುವ ಪೆಟ್ಟುಗಳನ್ನು ಎರಡನೆಯದು, ನಾಲ್ಕನೆಯದು ಅಂತ ಎಣಿಸುವುದು. ಒಂದು ಮತ್ತು ಮೂರು ನಮ್ಮೊಳಗೇ ಇರಬೇಕು. ಲಯ ಹೊರಗಿನಿಂದ ಸಿಗದಿದ್ದಾಗಲೇ ಒಳಗೆ ಗಟ್ಟಿಯಾಗುವುದು. ಅದರ ಮೇಲೆ ಮೊದಲು ಸಾಹಿತ್ಯವನ್ನು ಬರೀ ಮಾತಾಗಿ ಹೇಳಿದೆ, ಎದುರಿಗೆ ಕೂತವರಿಗೆ ಹೇಳುವ ಹಾಗೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಮಾತಾಡುವಾಗ ನಾನು ಎಲ್ಲಿ ತಡೆದೆನೋ ಹಾಡುವಾಗಲೂ ಅಲ್ಲೇ ತಡೆಯಲು ನೋಡಿದೆ.

ಕನ್ನಡದ ಭಾವಗೀತೆಗೆ ಇದನ್ನು ತರುವಾಗ ಒಂದು ವಿಷಯ ಎದುರಾಯಿತು. ಇಂಗ್ಲಿಷಿನಲ್ಲಿ ಸ್ಕಾಟ್ ಸ್ವರವನ್ನು ಬೇಕಾದ ಕಡೆ ಎಳೆಯಬಹುದು, ಪದ ಕೆಡುವುದಿಲ್ಲ. ನಮ್ಮಲ್ಲಿ ಹ್ರಸ್ವ, ದೀರ್ಘ ಅದಲುಬದಲಾದರೆ ಬಳೆ ಹೋಗಿ ಬಾಳೆ ಆಗುತ್ತದೆ. ಹಾಗಾಗಿ ಎಳೆತವನ್ನು ಪದದ ಒಳಗೆ ಇಡಲಾಗುವುದಿಲ್ಲ. ಪದದ ಮುಂಚಿನ ಮೌನದಲ್ಲಿ ಇಡಬೇಕು, ಇಲ್ಲವೇ ಮೊದಲೇ ದೀರ್ಘವಾಗಿರುವ ಅಕ್ಷರದ ಮೇಲೆ. ಇದು ಕೈಗೆ ಬಂದ ಮೇಲೆ ತಬಲಾದವರ ಜೊತೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಗಾಯಕರು ತಡ ಮಾಡಿದರೆ ಅವರು ಪಾಪ ಸಹಾಯ ಮಾಡಲು ತಾವೂ ನಿಧಾನ ಮಾಡುತ್ತಾರೆ. ಆಗ ಇಬ್ಬರೂ ಸೇರಿ ಹಾಡು ನೆಲ ಕಚ್ಚುತ್ತದೆ. "ನನಗಾಗಿ ಕಾಯಬೇಡಿ, ಸರ್" ಅಂತ ಹೇಳಿಬಿಟ್ಟರೆ ಆಯಿತು.

ಹೊಸದಾಗಿ ಕೇಳುವವರಿಗೆ ನಾನು ಹೇಳುವುದು 'ಆಲ್ ದ ವೇ' ಇಂದ ಶುರು ಮಾಡಿ ಅಂತ. ಆಮೇಲೆ 1962ರದು. ಸೆವಾಯ್ ಕಾಲದ ಹಾಡುಗಳಲ್ಲಿ 1955ರ 'ವೆನ್ ಡಿಡ್ ಯು ಲೀವ್ ಹೆವನ್' ತಪ್ಪಿಸಬೇಡಿ. 1998ರ 'ಹೋಲ್ಡಿಂಗ್ ಬ್ಯಾಕ್ ದ ಇಯರ್ಸ್' ಬೇರೆ ಥರ. ಅದರಲ್ಲಿ ಪ್ರಿನ್ಸ್, ಜಾನ್ ಲೆನನ್, ಎಲ್ಟನ್ ಜಾನ್ ಹಾಡುಗಳನ್ನು ಅವರು ತಮ್ಮ ನಡಿಗೆಗೆ ಇಳಿಸಿಕೊಂಡಿದ್ದಾರೆ. ಪಾಪ್ ಕೇಳಿ ಬೆಳೆದವರು ಅಲ್ಲಿಂದಲೂ ಶುರು ಮಾಡಬಹುದು. ಸ್ಕಾಟ್ 2014ರ ಜೂನ್‌ನಲ್ಲಿ ಲಾಸ್ ವೇಗಸ್‌ನಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಹಾಡಿಟ್ಟಿದ್ದ 'ಐ ಗೋ ಬ್ಯಾಕ್ ಹೋಮ್' 2017ರಲ್ಲಿ ಬಂತು. ಎಂಬತ್ತು ದಾಟಿದ ದನಿ ಅದರಲ್ಲಿ ನಡುಗುತ್ತದೆ, ಮಾತು ಮಾತ್ರ ಒಂದೊಂದೂ ಸ್ಪಷ್ಟ. ಅದನ್ನು ಕೊನೆಗೆ ಇಟ್ಟುಕೊಳ್ಳಿ, ಉಳಿದದ್ದೆಲ್ಲ ಕೇಳಿದ ಮೇಲೆ.